ತಿಮಿಂಗಿಲ ಎಲ್ಲರ ಪಾಲು

ಇಂಡೊನೇಷ್ಯಾದ ಲಾಮಲೆರಾ ಎಂಬ ಊರಿನಲ್ಲಿ ತಿಮಿಂಗಿಲದ ತಲೆ ಯಾರಿಗೆ, ಬೆನ್ನು ಯಾರಿಗೆ, ಬಾಲ ಯಾರಿಗೆ ಎಂಬುದು ಅದಿನ್ನೂ ಕಡಲಿನಲ್ಲಿ ಈಜಾಡಿಕೊಂಡಿರುವಾಗಲೇ ತೀರ್ಮಾನವಾಗಿರುತ್ತದೆ. ದಡಕ್ಕೆ ಎಳೆದು ತಂದ ಮೇಲೆ ಚೌಕಾಸಿಯಿಲ್ಲ, ಹರಾಜಿಲ್ಲ. ಅಜ್ಜಂದಿರು ಹಾಕಿಟ್ಟ ಗೆರೆಗಳ ಮೇಲೆ ಕತ್ತಿ ಓಡುತ್ತದೆ, ಅಷ್ಟೆ. ಈ ಊರಿನ ಬಗ್ಗೆ ಬರೆದವರು, ಸಿನಿಮಾ ತೆಗೆದವರು ಹೆಚ್ಚಾಗಿ ಮೋಹಗೊಂಡಿದ್ದು ಈಟಿ ಹಿಡಿದು ದೋಣಿಯ ತುದಿಯಿಂದ ತಿಮಿಂಗಿಲದ ಬೆನ್ನಿಗೆ ಹಾರುವ ಗಂಡಸಿನ ಚಿತ್ರಕ್ಕೆ. ಚಿತ್ರ ಸುಳ್ಳಲ್ಲ. ಆದರೆ ಕಲ್ಲುನೆಲದ ಈ ಊರು ಇಷ್ಟು ತಲೆಮಾರು ಉಳಿದು ಬಂದಿರುವುದರಲ್ಲಿ ಹಾರಿದವನ ಧೈರ್ಯಕ್ಕಿಂತ ಹಂಚಿದವರ ಶಿಸ್ತಿನ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ.

ಬಾಲಿಯಿಂದ ಪೂರ್ವಕ್ಕೆ ನಕ್ಷೆಯ ಮೇಲೆ ಬೆರಳು ಓಡಿಸಿ. ಲೊಂಬೊಕ್, ಸುಂಬಾವಾ, ಉದ್ದನೆಯ ಫ್ಲೋರೆಸ್ ಮುಗಿದ ಮೇಲೆ ಸೋಲೋರ್, ಅಡೊನಾರಾ ಎಂಬ ಸಣ್ಣ ದ್ವೀಪಗಳು. ಅವುಗಳ ಪಕ್ಕದಲ್ಲೇ ಲೆಂಬಾಟಾ. ಹಳೆಯ ನಕ್ಷೆಗಳಲ್ಲಿ ಇದರ ಹೆಸರು ಲೊಂಬ್ಲೆನ್. 1999ರಲ್ಲಿ ಇದು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾಕೇಂದ್ರ ಲೆವೊಲೆಬಾ ಇರುವುದು ಉತ್ತರ ಕರಾವಳಿಯಲ್ಲಿ. ಲಾಮಲೆರಾ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ, ಲಾಬಲೆಕಾನ್ ಬೆಟ್ಟದ ಬುಡದಲ್ಲಿ, ‘ಸಾವು’ ಎಂಬ ಹೆಸರಿನ ಸಮುದ್ರಕ್ಕೆ ಮುಖಮಾಡಿ. ನಡುವಿನ ರಸ್ತೆಯ ಅವಸ್ಥೆ ಆ ದ್ವೀಪದ ಎಲ್ಲರ ಬಾಯಲ್ಲೂ ಇರುವ ದೂರು. ಊರಿಗೆ ಎರಡು ಭಾಗ: ದಿಬ್ಬದ ಮೇಲೊಂದು, ಕಡಲದಂಡೆಯಲ್ಲೊಂದು. ಎರಡೂ ಸೇರಿ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಜ್ವಾಲಾಮುಖಿಯ ಕಲ್ಲಿನ ಮೇಲೆ ಮಣ್ಣು ತೆಳುವಾಗಿ ಹರಡಿರುವ ಜಾಗ. ಭತ್ತದ ಮಾತು ಬಿಡಿ, ಊರಿಗೆ ಸಾಕಾಗುವಷ್ಟು ಮೆಕ್ಕೆಜೋಳವೂ ಇಲ್ಲಿ ಆಗುವುದಿಲ್ಲ.

ನೆಲ ಕೊಡದಿದ್ದುದನ್ನು ಕಡಲು ಕೊಟ್ಟಿದೆ. ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲೇ ಸಮುದ್ರ ಪಾತಾಳಕ್ಕಿಳಿಯುತ್ತದೆ. ಆಳದ ಕಣವಾಯಿ ಮೀನುಗಳನ್ನು ಬೇಟೆಯಾಡುತ್ತ ಸಾಗುವ ಸ್ಪರ್ಮ್ ತಿಮಿಂಗಿಲಗಳು ಊರಿನ ಕಣ್ಣಳತೆಯಲ್ಲೇ ಉಸಿರಾಟಕ್ಕೆ ಮೇಲೇಳುತ್ತವೆ. ಊರವರು ಈ ತಿಮಿಂಗಿಲವನ್ನು ಕೊತೆಕ್ಲೆಮಾ ಎನ್ನುತ್ತಾರೆ. ನೀಲಿ ತಿಮಿಂಗಿಲದಂಥ, ಹಲ್ಲಿನ ಬದಲು ಬಾಯಲ್ಲಿ ಜರಡಿಯಿರುವ ದೊಡ್ಡ ತಿಮಿಂಗಿಲಗಳ ತಂಟೆಗೆ ಇವರು ಹೋಗುವುದಿಲ್ಲ. ಅವುಗಳನ್ನು ಮುಟ್ಟುವುದು ನಿಷಿದ್ಧ.

ಊರಿನವರು ಹೇಳುವ ಪ್ರಕಾರ ಅವರ ಪೂರ್ವಜರು ಬಂದದ್ದು ಸುಲವೇಸಿ ಕಡೆಯಿಂದ. ನಡುವೆ ನೆಲೆಸಿದ್ದ ಪುಟ್ಟ ದ್ವೀಪವನ್ನು ಕಡಲು ನುಂಗಿದಾಗ ದೋಣಿಯಲ್ಲಿ ಲೆಂಬಾಟಾಕ್ಕೆ ಬಂದರಂತೆ. ಆಗಲೇ ಇಲ್ಲಿ ನೆಲೆಸಿದ್ದವರು ಜಾಗ ಕೊಟ್ಟರು. ಹಾಗೆ ಜಾಗ ಕೊಟ್ಟವರ ವಂಶಸ್ಥರು ಇವತ್ತಿಗೂ ‘ನೆಲದ ಒಡೆಯರು’. ಅವರು ಈಟಿ ಎತ್ತಬೇಕಾಗಿಲ್ಲ, ಹುಟ್ಟು ಹಾಕಬೇಕಾಗಿಲ್ಲ. ಆದರೂ ತಿಮಿಂಗಿಲದ ತಲೆಯ ಭಾಗದಲ್ಲಿ ಅವರಿಗೆ ಹಕ್ಕಿದೆ. ಎಂದೋ ಪಡೆದ ಸೈಟಿಗೆ ಇಂದಿಗೂ ಕಂದಾಯ ಸಲ್ಲುತ್ತಿದೆ ಎಂದರೂ ಸರಿಯೇ.

ಬೇಟೆಯ ದೋಣಿಯ ಹೆಸರು ತೆನಾ. ಉದ್ದ ಹತ್ತು ಮೀಟರಿಗೂ ಮಿಕ್ಕಿ, ಎರಡೂ ಪಕ್ಕಕ್ಕೆ ಬಿದಿರಿನ ತೇಲುಗಂಬಗಳು, ತಾಳೆಯ ಜಾತಿಯ ಮರವೊಂದರ ಎಲೆಯಿಂದ ಹೆಣೆದ ಚಾಪೆಯಂಥ ಹಾಯಿ. ಕಬ್ಬಿಣದ ಮೊಳೆ ಒಂದೂ ಇಲ್ಲ. ಹಲಗೆಗೆ ಹಲಗೆ ಸೇರಿಸುವುದು ಮರದ ಗೂಟಗಳಿಂದ; ಒಳಗಿನ ಪಕ್ಕೆಗಳನ್ನು ಆಮೇಲೆ ಹಗ್ಗದಲ್ಲಿ ಬಿಗಿಯುತ್ತಾರೆ. ನಕ್ಷೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಯಾವ ಹಲಗೆ ಎಲ್ಲಿ ಕೂರಬೇಕೆಂಬುದು ಬಡಗಿಯ ತಲೆಯಲ್ಲಿರುತ್ತದೆ, ಆಚೀಚೆ ಮಾಡುವ ಸ್ವಾತಂತ್ರ್ಯ ಅವನಿಗೂ ಇಲ್ಲ. ಪ್ರತಿ ದೋಣಿಗೆ ಒಂದು ಹೆಸರಿದೆ, ಒಂದು ಮನೆತನವಿದೆ. ಹಳೆಯದು ಜೀರ್ಣವಾದರೆ ಅದೇ ಹೆಸರಿನಲ್ಲಿ ಹೊಸದನ್ನು ಕಟ್ಟುತ್ತಾರೆ. ದಂಡೆಯ ಉದ್ದಕ್ಕೂ ಸಾಲಾಗಿರುವ ಹುಲ್ಲುಮಾಡಿನ ಕೊಟ್ಟಿಗೆಗಳು ಈ ದೋಣಿಗಳ ಮನೆ. ಗಂಡಸರು ಹಗಲಿಡೀ ಅಲ್ಲೇ ಕೂತು ಹಗ್ಗ ಹೊಸೆಯುತ್ತ, ಈಟಿ ಮಸೆಯುತ್ತ, ಕಡಲ ಮೇಲೊಂದು ಕಣ್ಣಿಟ್ಟಿರುತ್ತಾರೆ.

ಅಗೋ, ದೂರದಲ್ಲಿ ನೀರಿನ ಬುಗ್ಗೆ ಚಿಮ್ಮಿತೆಂದರೆ ನೋಡಿದವನು ‘ಬಲೆಯೋ! ಬಲೆಯೋ!’ ಎಂದು ಕೂಗುತ್ತಾನೆ. ಕೂಗು ಬಾಯಿಂದ ಬಾಯಿಗೆ ದಾಟಿ ದಿಬ್ಬದ ಮೇಲಿನ ಕೊನೆಯ ಮನೆ ತಲುಪುವುದರೊಳಗೆ ದೋಣಿಗಳು ಮರದ ದಿಮ್ಮಿಗಳ ಮೇಲೆ ಉರುಳಿ ನೀರಿಗಿಳಿದಿರುತ್ತವೆ. ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿದ ಬಿದಿರಿನ ಅಟ್ಟದ ತುತ್ತತುದಿಯಲ್ಲಿ ನಿಲ್ಲುವವನು ಲಾಮಫಾ. ಕೈಯಲ್ಲಿ ಉದ್ದನೆಯ ಬಿದಿರು, ಅದರ ತುದಿಗೆ ಹಿಮ್ಮುಖ ಮುಳ್ಳಿರುವ ಕಬ್ಬಿಣದ ಅಲಗು, ಅಲಗಿಗೆ ಕಟ್ಟಿದ ಹಗ್ಗ. ತಿಮಿಂಗಿಲದ ಚರ್ಮ ಮತ್ತು ಕೊಬ್ಬು ಎಷ್ಟು ದಪ್ಪವೆಂದರೆ ತೋಳಿನ ಬಲದಿಂದ ಎಸೆದ ಈಟಿ ಅದಕ್ಕೆ ಲೆಕ್ಕಕ್ಕಿಲ್ಲ. ಅದಕ್ಕೇ ಅವನು ಎಸೆಯುವುದಿಲ್ಲ. ಬಿದಿರನ್ನು ಎರಡೂ ಕೈಯಲ್ಲಿ ಅವಚಿ, ಮೈಭಾರವನ್ನೆಲ್ಲ ಅದರ ಮೇಲೆ ಹೇರಿ, ಈಟಿಯ ಜೊತೆಗೆ ತಾನೂ ಹಾರುತ್ತಾನೆ. ಬೀಳುವುದು ನೀರಿಗೆ, ಅದೂ ನೋವಿನಲ್ಲಿ ಬಾಲ ಬಡಿಯುತ್ತಿರುವ ಪ್ರಾಣಿಯ ಪಕ್ಕಕ್ಕೆ. ಅಲ್ಲಿಂದ ಈಜಿ ದೋಣಿ ಹತ್ತಬೇಕು. ಅಷ್ಟರಲ್ಲಿ ಹಗ್ಗ ಬುಸುಗುಟ್ಟುತ್ತ ಓಡುತ್ತಿರುತ್ತದೆ. ಅದರ ಸುರುಳಿಗೆ ಕೈಯೋ ಕಾಲೋ ಸಿಕ್ಕಿದರೆ ಮುಗಿಯಿತು.

ಆ ಹಗ್ಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೈಯಲ್ಲಿ ನೂತ ಹತ್ತಿಯ ನೂಲು, ತಾಳೆ ಎಲೆಯ ಎಳೆ, ದಾಸವಾಳದ ಬಳಗದ ಮರವೊಂದರ ತೊಗಟೆಯ ನಾರು ಸೇರಿಸಿ ಹೊಸೆದದ್ದು. ಹೆಸರು ಲೆಯೊ. ದೋಣಿಯಲ್ಲಿ ಇದಕ್ಕಿರುವ ಮರ್ಯಾದೆ ಬೇರಾವ ವಸ್ತುವಿಗೂ ಇಲ್ಲ. ಹಗ್ಗದ ಒಂದು ತುದಿ ತಿಮಿಂಗಿಲದಲ್ಲಿ, ಇನ್ನೊಂದು ದೋಣಿಯಲ್ಲಿ ಎಂಬುದು ಕಣ್ಣಿಗೆ ಕಾಣುವ ಸಂಗತಿ. ದೋಣಿಯಲ್ಲಿರುವವರ ಮನೆವಾರ್ತೆಯೂ ಅದಕ್ಕೆ ಗಂಟು ಬಿದ್ದಿದೆ ಎಂಬುದು ಊರಿನ ನಂಬಿಕೆ. ಗಂಡ ಹೆಂಡಿರ ಜಗಳ, ದಾಯಾದಿ ಮನಸ್ತಾಪ, ತೀರಿಸದ ಮಾತು, ಏನೇ ಇದ್ದರೂ ಈಟಿ ಗುರಿ ತಪ್ಪುತ್ತದೆ, ಹಗ್ಗ ತುಂಡಾಗುತ್ತದೆ. ಬೇಟೆ ಕೈತಪ್ಪಿ ಬಂದವರು ಮೊದಲು ಹುಡುಕುವುದು ಯಾರ ಮನೆಯಲ್ಲಿ ಏನು ನಡೆಯಿತು ಎಂದು. ಇದರಲ್ಲಿ ಹೆಂಗಸರ ಮೇಲೆ ಬೀಳುವ ಹೊರೆ ಹೆಚ್ಚು ಎಂಬುದನ್ನೂ ಹೇಳಬೇಕು. ಗಂಡ ಕಡಲಿನಲ್ಲಿದ್ದಾಗ ಮನೆಯಲ್ಲಿ ಅವಳ ನಡೆನುಡಿಯೂ ಬೇಟೆಯ ಭಾಗವೇ.

ಕಡಲು ಸೋಲಿಸುವುದೂ ಉಂಟು. 1994ರ ಮಾರ್ಚ್‌ನಲ್ಲಿ ಈಟಿ ನಾಟಿಸಿಕೊಂಡ ತಿಮಿಂಗಿಲ ದೋಣಿಗಳನ್ನು ತಿಮೋರ್ ದಿಕ್ಕಿಗೆ ದಿನಗಟ್ಟಲೆ ಎಳೆದೊಯ್ದಿತು. ದೋಣಿಗಳನ್ನು ಕೈಬಿಡಬೇಕಾಯಿತು, ಬಳಲಿದ್ದ ಜನರನ್ನು ದಾರಿಯಲ್ಲಿ ಎದುರಾದ ಪ್ರವಾಸಿ ಹಡಗೊಂದು ಹತ್ತಿಸಿಕೊಂಡಿತು.

ಇನ್ನು ಪಾಲಿನ ವಿಚಾರ. ದಂಡೆಗೆ ತಂದ ತಿಮಿಂಗಿಲವನ್ನು ಕೊಯ್ಯುವ ಕೆಲಸ ಗಂಟೆಗಟ್ಟಲೆ ಸಾಗುತ್ತದೆ. ನೆಲದ ಒಡೆಯರ ಪಾಲು, ದೋಣಿಯ ಮನೆತನದ ಪಾಲುಗಳು, ಹುಟ್ಟು ಹಾಕಿದವರ ಪಾಲು, ಲಾಮಫಾನ ಪಾಲು ಎಲ್ಲವೂ ಬೇರೆ ಬೇರೆ. ಅದಲ್ಲದೆ ಅಂದು ಕಡಲಿಗೇ ಇಳಿಯದ ಕಮ್ಮಾರ, ದೋಣಿಯ ಬಡಗಿ, ಹಾಯಿ ಹೆಣೆದವರಿಗೂ ಪಾಲು ಸಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಕಣದಲ್ಲೇ ಬಡಗಿ ಕಮ್ಮಾರರಿಗೆ ಆಯ ಅಳೆದು ಕೊಡುತ್ತಿದ್ದುದನ್ನು ಕಂಡವರಿಗೆ ಇದು ತಟ್ಟನೆ ಅರ್ಥವಾದೀತು. ಅಲ್ಲಿಗೂ ಮುಗಿಯಲಿಲ್ಲ. ಪಾಲು ಮನೆ ಸೇರಿದ ಮೇಲೆ ಅದರಿಂದ ತಂಗಿಯ ಮನೆಗಿಷ್ಟು, ಪಕ್ಕದ ಮನೆಗಿಷ್ಟು, ಗಂಡು ದಿಕ್ಕಿಲ್ಲದ ಮನೆಗಿಷ್ಟು ಎಂದು ಇನ್ನೊಂದು ಸುತ್ತು ಹಂಚಿಕೆ ನಡೆಯುತ್ತದೆ. ವಿಧವೆಯರು, ತಬ್ಬಲಿಗಳು ಉಪವಾಸ ಬೀಳಬಾರದೆಂಬುದು ಬೇಟೆಗೆ ಊರು ಕೊಡುವ ಮೊದಲ ಸಮರ್ಥನೆ.

ತೋಳುದ್ದದ ಪಟ್ಟಿಗಳಾಗಿ ಸೀಳಿದ ಮಾಂಸ ಬಿದಿರಿನ ಗಳುಗಳ ಮೇಲೆ ಬಿಸಿಲಿಗೆ ತೂಗುತ್ತದೆ. ಕೊಬ್ಬಿನ ಪಟ್ಟಿಗಳಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಅದನ್ನು ಹಿಡಿದಿಟ್ಟು ದೀಪಕ್ಕೆ ಬಳಸುತ್ತಿದ್ದರು. ಹೊಸಬರಿಗೆ ಆ ವಾಸನೆ ತಡೆಯಲಾಗದು. ಇಲ್ಲಿಂದ ಮುಂದೆ ತಿಮಿಂಗಿಲ ಹೆಂಗಸರ ಕೈಗೆ ಬರುತ್ತದೆ. ಒಣಮಾಂಸ, ಸಮುದ್ರದ ನೀರಿನಿಂದ ತೆಗೆದ ಉಪ್ಪು, ಹವಳದ ಕಲ್ಲು ಸುಟ್ಟು ಮಾಡಿದ ಸುಣ್ಣ ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟು ಬೆಟ್ಟದೂರುಗಳಿಗೆ ನಡೆಯುತ್ತಾರೆ. ಎಲೆಯಡಿಕೆ ಜಗಿಯುವ ನಾಡಾದ್ದರಿಂದ ಸುಣ್ಣಕ್ಕೆ ಬೇಡಿಕೆ ತಪ್ಪಿದ್ದಲ್ಲ. ಶನಿವಾರ ಪಕ್ಕದ ವುಲಂಡೋನಿಯಲ್ಲಿ ಸಂತೆ. ಬೆಟ್ಟದವರು ಮೆಕ್ಕೆಜೋಳ, ಬಾಳೆ, ಮರಗೆಣಸು, ಅಡಿಕೆ ಹೊತ್ತು ಇಳಿದು ಬರುತ್ತಾರೆ. ಸಂತೆಯ ಸುಂಕವೂ ಸಾಮಾನಿನಲ್ಲೇ. ಸುಂಕ ಎತ್ತಿದ ಮೇಲೆ ಸೀಟಿ ಊದುತ್ತಾರೆ, ಆಮೇಲೆ ಕೊಡುಕೊಳ್ಳುವ ಗದ್ದಲ. ಎಣಿಕೆಯ ಅಳತೆ ಮುಂಗಾ: ಆರು ತೆನೆಯಾದರೆ ಒಂದು ಮುಂಗಾ, ಆರು ಬಾಳೆಹಣ್ಣಾದರೂ ಒಂದು ಮುಂಗಾ. ಮಾಂಸದ ಒಂದು ಪಟ್ಟಿಗೆ ಎಷ್ಟು ಮುಂಗಾ ಎಂಬುದು ಎರಡೂ ಕಡೆಯವರಿಗೆ ಗೊತ್ತು. ರೂಪಾಯ ಬಳಸುವ ಮೂಲೆಯೂ ಸಂತೆಯಲ್ಲಿದೆ, ಆದರೆ ಜೀವಾಳ ಈ ವಿನಿಮಯವೇ. ಸಂತೆಯಾಚೆಗೂ ಕೆಲವು ಮನೆಗಳ ನಡುವೆ ತಾಯಿಯಿಂದ ಮಗಳಿಗೆ ಬಂದ ವ್ಯಾಪಾರದ ನಂಟಿದೆ. ಹೀಗೆ, ಕಡಲನ್ನೇ ಮುಟ್ಟದ ಬೆಟ್ಟದ ರೈತನ ಅಡುಗೆಮನೆಯಲ್ಲೂ ತಿಮಿಂಗಿಲ ಬೇಯುತ್ತದೆ.

ಈ ಹಂಚಿಕೆಯ ಕೀರ್ತಿ ಅರ್ಥಶಾಸ್ತ್ರದ ಪುಸ್ತಕಗಳನ್ನೂ ಸೇರಿದೆ. ಮಾನವಶಾಸ್ತ್ರಜ್ಞ ಮೈಕೆಲ್ ಆಲ್ವಾರ್ಡ್ 1999ರ ಸುಮಾರಿಗೆ ಇಲ್ಲಿದ್ದಾಗ ಒಂದು ಆಟ ಆಡಿಸಿದರು. ಒಬ್ಬನ ಕೈಗೆ ಒಂದು ಮೊತ್ತ ಕೊಡುವುದು. ಅವನು ಅದರಲ್ಲಿ ಇಷ್ಟು ಎಂದು ಯಾರೆಂದು ತಿಳಿಯದ ಇನ್ನೊಬ್ಬನಿಗೆ ಕೊಡಬೇಕು. ಪಡೆಯುವವನು ಬೇಡವೆಂದರೆ ಇಬ್ಬರಿಗೂ ಸೊನ್ನೆ. ದುಡ್ಡಿಟ್ಟರೆ ಜೂಜಿನಂತೆ ಕಂಡೀತೆಂದು ಸಿಗರೇಟು ಪ್ಯಾಕುಗಳಲ್ಲಿ ಆಡಿಸಿದರು. ಬೇರೆ ಬೇರೆ ಖಂಡಗಳ 15 ಸಣ್ಣ ಸಮುದಾಯಗಳಲ್ಲಿ ಇದೇ ಆಟ ನಡೆದಿತ್ತು. ಪೆರುವಿನ ಮಾಚಿಗೆಂಗಾ ಜನ ಸರಾಸರಿ ಕಾಲುಭಾಗದಷ್ಟು ಕೊಟ್ಟರು. ಲಾಮಲೆರಾದವರು ಅರ್ಧಕ್ಕಿಂತಲೂ ಹೆಚ್ಚು ಕೊಟ್ಟರು, ಇತರ ಎಲ್ಲರಿಗಿಂತ ಜಾಸ್ತಿ. ಇದನ್ನು ಓದಿ ‘ಎಂಥ ಉದಾರಿಗಳು’ ಎಂದು ಕಣ್ಣೊದ್ದೆ ಮಾಡಿಕೊಳ್ಳಬೇಕಾಗಿಲ್ಲ. ಒಬ್ಬನೇ ಕೊಲ್ಲಲಾಗದ, ಒಬ್ಬನೇ ತಿಂದು ಮುಗಿಸಲೂ ಆಗದ ಪ್ರಾಣಿಯನ್ನು ನಂಬಿದ ಊರಿನಲ್ಲಿ, ಎಲ್ಲರ ಕಣ್ಣೆದುರಿನ ಮರಳಿನಲ್ಲಿ ಹಂಚಿ ರೂಢಿಯಾದ ಕೈ ಅದು. ಕಡಿಮೆ ಕೊಟ್ಟವನ ದೋಣಿಗೆ ನಾಳೆ ಹುಟ್ಟು ಹಾಕಲು ಯಾರು ಬರುತ್ತಾರೆ?

ಧರ್ಮದ ವಿಚಾರದಲ್ಲೂ ಊರು ಹೀಗೇ ಎರಡೂ ಕಡೆಯವರನ್ನು ಕೂರಿಸಿಕೊಂಡಿದೆ. 1886ರಲ್ಲಿ ಜೆಸ್ಯೂಟ್ ಪಾದ್ರಿಗಳಿಂದ ಮೊದಲ ದೀಕ್ಷಾಸ್ನಾನಗಳಾದವು. 1920ರಲ್ಲಿ ಜರ್ಮನ್ ಪಾದ್ರಿ ಬರ್ನ್‌ಹಾರ್ಡ್ ಬೋಡೆ ಬಂದ ಮೇಲೆ ಊರು ಕ್ಯಾಥೊಲಿಕ್ ಆಯಿತು. ಮೇ 1ರಂದು ಕಡಲದಂಡೆಯಲ್ಲೇ ಪೂಜೆ, ದೋಣಿಗಳಿಗೆ ತೀರ್ಥ ಪ್ರೋಕ್ಷಣೆ. ಅಲ್ಲಿಂದ ಅಕ್ಟೋಬರ್‌ವರೆಗೆ ಬೇಟೆಯ ಕಾಲ. ಅದಕ್ಕೆ ಮುಂಚೆ ಕಡಲಿನಲ್ಲಿ ಸತ್ತವರಿಗಾಗಿ ದೀಪವಿಟ್ಟು ಪ್ರಾರ್ಥನೆ. ಇದೇ ದಿನಗಳಲ್ಲಿ ನೆಲದ ಒಡೆಯರ ಮನೆಯವರು ಬೆಟ್ಟ ಹತ್ತಿ, ತಿಮಿಂಗಿಲದಾಕಾರದ ಕಲ್ಲಿನ ಬಳಿ ಹಿರಿಯರನ್ನು ಕರೆದು ಬರುತ್ತಾರೆ. ಪಾದ್ರಿಗಳಿಗೂ ಇದು ಗೊತ್ತು.

ಹೊರಗಿನವರ ಸಹಾಯ ಇಲ್ಲಿ ವಿಚಿತ್ರ ತಿರುವು ಪಡೆದದ್ದೂ ಇದೆ. ಎಪ್ಪತ್ತರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ನಾರ್ವೆಯ ತಿಮಿಂಗಿಲ ಬೇಟೆಯ ಪರಿಣತನೊಬ್ಬನನ್ನು ಕಳಿಸಿ, ಯಂತ್ರದ ಹಡಗಿನಿಂದ ಬೇಟೆ ಕಲಿಸಲು ಹೊರಟಿತ್ತು! ಕೆಲವೇ ವರ್ಷಗಳಲ್ಲಿ ಯೋಜನೆ ಮುಚ್ಚಿತು. ಯಂತ್ರವೇನೋ ಮುಂದೆ ತಾನಾಗಿಯೇ ಬಂತು. ಈ ಶತಮಾನದ ಆರಂಭದಿಂದ ಮೋಟಾರು ದೋಣಿಗಳು ಹೆಚ್ಚಿದವು. ಜಾನ್ಸನ್ ಕಂಪನಿಯ ಇಂಜಿನ್ನಿನಿಂದಾಗಿ ಇಲ್ಲಿ ಅವುಗಳ ಹೆಸರೇ ‘ಜೊನ್ಸನ್’. ಕೊತೆಕ್ಲೆಮಾ ಬೇಟೆಗೆ ತೆನಾ ಬೇಕೇ ಬೇಕೆಂದು ಹಿರಿಯರು ಪಟ್ಟು ಹಿಡಿದರು. ಈಗ ಜೊನ್ಸನ್ ತೆನಾವನ್ನು ತಿಮಿಂಗಿಲದ ಹತ್ತಿರಕ್ಕೆ ಎಳೆದೊಯ್ದು ಬಿಡುತ್ತದೆ. ಡಾಲ್ಫಿನ್, ಮ್ಯಾಂಟಾ ತಿರಂಡಿಗೆ ಮೋಟಾರೇ ಸಾಕು. ರಾತ್ರಿ ಬಲೆ ಬಿಟ್ಟು ಹಿಡಿದ ಮೀನಿಗೆ ಈ ಪಾಲಿನ ನಿಯಮವಿಲ್ಲ, ಅದು ಬಲೆಯ ಯಜಮಾನನದ್ದು.

ಕಾನೂನು ಏನನ್ನುತ್ತದೆ? ಇಂಡೊನೇಷ್ಯಾ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಸದಸ್ಯನಲ್ಲ, ಆದರೆ ಸ್ವಂತ ಕಾನೂನಿನಲ್ಲಿ ತಿಮಿಂಗಿಲಗಳು ಸಂರಕ್ಷಿತ. ಲಾಮಲೆರಾದ ಬೇಟೆಯನ್ನು ಹೊಟ್ಟೆಪಾಡೆಂದು ಸರ್ಕಾರ ಸಹಿಸಿಕೊಂಡಿದೆ. ವರ್ಷಕ್ಕೆ ಸಿಗುವುದು ಕೆಲವೊಮ್ಮೆ ಒಂದಂಕಿ, ಕೆಲವೊಮ್ಮೆ ಇಪ್ಪತ್ತರ ಮೇಲೆ. 20ನೇ ಶತಮಾನದಲ್ಲಿ ಉದ್ಯಮದ ಹಡಗುಗಳು ಕೊಂದ ಸ್ಪರ್ಮ್ ತಿಮಿಂಗಿಲಗಳ ಸಂಖ್ಯೆ ಏಳು ಲಕ್ಷ ದಾಟುತ್ತದೆ. ಆ ಲೆಕ್ಕದ ಎದುರು ಈ ಊರನ್ನು ಅಪರಾಧಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಎಲ್ಲ ಚೆನ್ನ ಎನ್ನಲೂ ಆಗದು: ನಿಧಾನಕ್ಕೆ ಮರಿ ಹಾಕುವ ಪ್ರಾಣಿ ಇದು, ಅದರ ಸಾವೂ ದೀರ್ಘ, ಮೋಟಾರು ಬಂದ ಮೇಲೆ ಡಾಲ್ಫಿನ್, ತಿರಂಡಿಗಳ ಲೆಕ್ಕ ಬೇರೆಯೇ ಆಗುತ್ತದೆ. ಮ್ಯಾಂಟಾ ತಿರಂಡಿಗೆ 2014ರಿಂದ ದೇಶದಾದ್ಯಂತ ಪೂರ್ಣ ರಕ್ಷಣೆಯಿದೆ. 2009ರಲ್ಲಿ ಸಾವು ಸಮುದ್ರವನ್ನು ಕಡಲ ರಾಷ್ಟ್ರೀಯ ಉದ್ಯಾನ ಮಾಡುವ ಪ್ರಸ್ತಾಪ ಬಂದಾಗ ಊರು ದಂಗೆಯೆದ್ದಿತು. ಕೊನೆಗೆ ಲೆಂಬಾಟಾದ ನೀರನ್ನು ಹೊರಗಿಟ್ಟರು.

ಊರಿನ ಪರವಾಗಿ ವಾದಿಸುವವರಿಗೆ ಕೊರತೆಯಿಲ್ಲ. ಮಿಷನ್ ಶಾಲೆಗಳಿಂದಾಗಿ ಇಲ್ಲಿನವರು ಪಾದ್ರಿ, ಮೇಷ್ಟ್ರು, ಪ್ರೊಫೆಸರುಗಳಾಗಿ ದೇಶದ ತುಂಬ ಇದ್ದಾರೆ. ಇಂಡೊನೇಷ್ಯಾದ ಮಕ್ಕಳು ವ್ಯಾಕರಣ ಕಲಿತ ಪಠ್ಯಪುಸ್ತಕ ಬರೆದ ಗೋರಿಸ್ ಕೆರಾಫ್ ಈ ಊರಿನವರು. ಅವರ ಡಾಕ್ಟರೇಟ್ ಪ್ರಬಂಧ ಲಾಮಲೆರಾದ ನುಡಿಯ ಮೇಲೆಯೇ. 1999ರಿಂದ 2001ರವರೆಗೆ ದೇಶದ ಪರಿಸರ ಸಚಿವರಾಗಿದ್ದ ಸೋನಿ ಕೆರಾಫ್ ಅವರೂ ತಿಮಿಂಗಿಲ ಬೇಟೆಯ ಇದೇ ಊರಿನಲ್ಲಿ ಹುಟ್ಟಿದವರು.

ಬೇಟೆ ಬಿಟ್ಟು ಪ್ರವಾಸಿಗರಿಗೆ ತಿಮಿಂಗಿಲ ತೋರಿಸಿ ಎಂಬ ಸಲಹೆ ಮತ್ತೆ ಮತ್ತೆ ಬರುತ್ತಿರುತ್ತದೆ. ತೋರಿಸಬಹುದು, ದುಡ್ಡೂ ಬಂದೀತು. ಬರುವುದು ಮೋಟಾರು ದೋಣಿ ಇದ್ದವನಿಗೆ, ಕೋಣೆ ಬಾಡಿಗೆಗೆ ಕೊಟ್ಟವನಿಗೆ. ಹಾಯಿ ಹೆಣೆದವನಿಗೆ ಅದರಲ್ಲಿ ಎಷ್ಟು, ಗಂಡನನ್ನು ಕಡಲಿಗೆ ಕೊಟ್ಟವಳಿಗೆ ಎಷ್ಟು, ಶನಿವಾರ ವುಲಂಡೋನಿಗೆ ಬಾಳೆಗೊನೆ ಹೊತ್ತು ಬರುವ ಬೆಟ್ಟದ ರೈತನಿಗೆ ಏನು ಸಿಗುತ್ತದೆ ಎಂಬುದನ್ನು ಸಲಹೆ ಕೊಡುವವರು ಮೊದಲು ಲೆಕ್ಕ ಹಾಕಿ ಹೇಳಲಿ.