ಬಿಸಿಲಿನ ಮೇಲೆ ಹಾಕಿದ ತಪ್ಪು: ಒಂದು ಕಂಪ್ರೆಸರ್‌ನ ಲೆಕ್ಕಪರಿಶೋಧನೆ



ಚಾರ್ಟರ್ಡ್ ಅಕೌಂಟೆಂಟ್ ಮಾತಾಡುತ್ತಾನೆ ಎಂದರೆ ತೆರಿಗೆಯ ವಿಷಯವೇ ಇರಬೇಕು ಎಂದು ನೀವು ಬಂದಿರಬಹುದು. ಇವತ್ತು ನಾನು ಮಾತಾಡುವುದು ಏರ್ ಕಂಪ್ರೆಸರ್ ಬಗ್ಗೆ. ಟೈರ್ ಅಂಗಡಿ, ಬಾಡಿ ಶಾಪ್, ಮರಗೆಲಸದ ಘಟಕ, ಪ್ಯಾಕಿಂಗ್ ಕಾರ್ಖಾನೆ, ಹೀಗೆ ನಮ್ಮಲ್ಲಿ ಬಹಳಷ್ಟು ಜನ ದುಡಿಯುವ ಕಡೆಯೆಲ್ಲ ಈ ಯಂತ್ರ ಮೂಲೆಯಲ್ಲಿ ಗುಡುಗುತ್ತಿರುತ್ತದೆ. ಬೇಸಿಗೆ ಬಂತೆಂದರೆ ಮಧ್ಯಾಹ್ನ ಮೂರು ಗಂಟೆಗೆ ಕಾಯ್ದು ನಿಂತುಬಿಡುತ್ತದೆ. ಆಗ ಯಾರೋ ಒಬ್ಬ ಕೆಲಸಗಾರ ಬೈಸಿಕೊಳ್ಳುತ್ತಾನೆ.

ನಾನು ಮೆಕ್ಯಾನಿಕ್ ಅಲ್ಲ. ಆದರೂ ಈ ಪಾಠ ಕಲಿಯಬೇಕಾಯಿತು, ಯಾಕೆಂದರೆ ನಾನು ನೋಡಿದ ಪ್ರಕರಣದಲ್ಲಿ ತಪ್ಪು ನನ್ನದೇ ಆಗಿತ್ತು.

ಪಿಕರಿಂಗ್‌ನಲ್ಲಿ 401 ಹೆದ್ದಾರಿಯ ದಕ್ಷಿಣಕ್ಕೆ ನನ್ನ ಗ್ರಾಹಕರೊಬ್ಬರ ವಾಹನ ದುರಸ್ತಿ ಅಂಗಡಿ ಇದೆ. ಅಲ್ಲಿರುವುದು ಹತ್ತು ಅಶ್ವಶಕ್ತಿಯ ಸ್ಕ್ರೂ ಕಂಪ್ರೆಸರ್. 2023ರ ನವೆಂಬರ್‌ನಲ್ಲಿ ಅವರ ಬಾಡಿಗೆ ಲೆಕ್ಕ ನೋಡುತ್ತಿದ್ದಾಗ ನಾನೇ ಒಂದು ಸಲಹೆ ಕೊಟ್ಟೆ: "ಕಂಪ್ರೆಸರ್‌ಗೆ ಇಷ್ಟು ಜಾಗ ಯಾಕೆ? ಮೂಲೆಯಲ್ಲಿ ಒಂದು ಸಣ್ಣ ಕೋಣೆ ಕಟ್ಟಿ ಒಳಗೆ ತಳ್ಳಿ. ಸದ್ದೂ ಕಡಿಮೆ, ಇನ್ನೊಂದು ಕಾರು ನಿಲ್ಲಿಸಲು ಜಾಗವೂ ಸಿಗುತ್ತದೆ." ಅವರು ಹಾಗೇ ಮಾಡಿ, ಸ್ನಾನದ ಮನೆಗೆ ಹಾಕುವಂಥ ಸಣ್ಣ ಫ್ಯಾನ್ ಒಂದನ್ನು ಕೋಣೆಗೆ ಕೂರಿಸಿದರು. ಚಳಿಗಾಲ ಪೂರ್ತಿ ಯಂತ್ರ ಚೆನ್ನಾಗಿಯೇ ಓಡಿತು. ನಾನೂ ಬೀಗಿದೆ.

2024ರ ಜೂನ್ ಮೂರನೆಯ ವಾರದಲ್ಲಿ ದಕ್ಷಿಣ ಒಂಟಾರಿಯೋಗೆ ಬಿಸಿಯ ಅಲೆ ಬಡಿದದ್ದು ನಿಮಗೆ ನೆನಪಿರಬಹುದು. ಆ ವಾರ ಯಂತ್ರ ದಿನಕ್ಕೆ ಮೂರು ನಾಲ್ಕು ಸಲ ನಿಂತಿತು. ಅಂಗಡಿಯಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಇದ್ದ. ಅವನ ವರ್ಕ್ ಪರ್ಮಿಟ್ ಅದೇ ಮಾಲೀಕರಿಗೆ ಕಟ್ಟಿಬಿದ್ದದ್ದು. "ಇವನು ದಿನವಿಡೀ ಗನ್ ಒತ್ತಿ ಹಿಡಿದಿರುತ್ತಾನೆ, ಅದಕ್ಕೇ ಕಾಯುತ್ತದೆ" ಎಂದು ಎಲ್ಲರೂ ಅವನ ಕಡೆ ಬೆರಳು ತೋರಿಸಿದರು. ಕೋಣೆಯ ಬಾಗಿಲು ತೆರೆದಿಟ್ಟರೆ ನಿಲ್ಲುವುದಿಲ್ಲ ಎಂದು ಅವನು ಹೇಳಿದ್ದ. ಸದ್ದಾಗುತ್ತದೆ ಎಂದು ಗದರಿ ಮುಚ್ಚಿಸಿದ್ದರು. ಶಾಖದ ಸ್ವಿಚ್ಚಿಗೆ ತಂತಿ ಸುತ್ತಿ ಓಡಿಸು ಎಂದು ಯಾರೋ ಹೇಳಿಕೊಟ್ಟಾಗ ಅವನು ಒಪ್ಪಲಿಲ್ಲ. ಅದೂ ಅವನ ಮೇಲೆ ದೂರಾಯಿತು. ಮುಂದಿನ ವಾರದಿಂದ ಬರಬೇಡ ಎಂಬ ಮಾತಿನವರೆಗೆ ಹೋಗಿತ್ತು. ನನ್ನ ಮೇಜಿಗೆ ಬಂದದ್ದು ಹೊಸ ಯಂತ್ರದ ಹದಿನಾಲ್ಕು ಸಾವಿರ ಡಾಲರಿನ ಕೊಟೇಶನ್ ಮಾತ್ರ. ಸಹಿ ಹಾಕುವ ಮೊದಲು ಒಮ್ಮೆ ನೋಡಿ ಬರೋಣ ಎಂದು ಹೋದೆ.

ಮೊದಲು ಶಾಖ ಎಲ್ಲಿಂದ ಬರುತ್ತದೆ ಎಂದು ತಿಳಿಯೋಣ. ಊರಿನಲ್ಲಿ ಸೈಕಲ್ಲಿಗೆ ಪಂಪು ಹೊಡೆದವರಿಗೆ ಅದರ ಬುಡ ಬೆಚ್ಚಗಾಗುವುದು ಗೊತ್ತು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಿದ್ದವು. ಅಂಥ ಆಳಕ್ಕೆ ಇಳಿಯುವ ಗಾಳಿ ಮೇಲಿನ ಗಾಳಿಯ ಭಾರಕ್ಕೇ ಒತ್ತಿ, ಬಂಡೆಯ ಬಿಸಿ ಸೇರುವ ಮೊದಲೇ, ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಏರುತ್ತದೆ. ಕಂಪ್ರೆಸರ್‌ನಲ್ಲಿ ಅದೇ ಕೆಲಸ ಕ್ಷಣಾರ್ಧದಲ್ಲಿ ನಡೆಯುತ್ತದೆ. ಕೋಣೆಯ ಗಾಳಿಯನ್ನು ತಣಿಸದೆ ಒಂದೇ ಏಟಿಗೆ 100 ಪಿಎಸ್‌ಐಗೆ ಒತ್ತಿದರೆ ಸಿದ್ಧಾಂತದ ಲೆಕ್ಕದಲ್ಲಿ ಅದು 250 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸ್ಕ್ರೂ ಯಂತ್ರದಲ್ಲಿ ಗಾಳಿಯ ಜೊತೆಗೇ ಎಣ್ಣೆ ಹರಿದು ಆ ಶಾಖವನ್ನು ಹೀರಿಕೊಳ್ಳುತ್ತದೆ, ಕೂಲರ್ ಅದನ್ನು ಹೊರಗೆ ಚೆಲ್ಲುತ್ತದೆ. ಯಂತ್ರ ತಿನ್ನುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಹತ್ತು ಅಶ್ವಶಕ್ತಿ ಎಂದರೆ ಸುಮಾರು 7.5 ಕಿಲೋವ್ಯಾಟ್. ಮನೆಯಲ್ಲಿ ಬಳಸುವ 1500 ವ್ಯಾಟಿನ ಐದು ಹೀಟರ್‌ಗಳನ್ನು ಒಂದು ಸಣ್ಣ ಕೋಣೆಯಲ್ಲಿ ಹಚ್ಚಿ ಬಾಗಿಲು ಹಾಕಿದಂತೆ. ಹಾಗೆ ಮಾಡಿಸಿದವನು ನಾನು.

ಎರಡನೆಯದು, ಹ್ಯೂಮಿಡೆಕ್ಸ್. ರೇಡಿಯೋದಲ್ಲಿ ಹ್ಯೂಮಿಡೆಕ್ಸ್ 42 ಎಂದು ಕೇಳಿ, ಯಂತ್ರ ನಿಲ್ಲುವುದು ಸಹಜ ಎಂದು ಎಲ್ಲರೂ ನಂಬಿದ್ದರು. ಹ್ಯೂಮಿಡೆಕ್ಸ್ ಬೆವರುವ ಮನುಷ್ಯನಿಗಾಗಿ ಇರುವ ಅಳತೆ. ಯಂತ್ರ ಬೆವರಿ ತಣ್ಣಗಾಗುವುದಿಲ್ಲ, ಅದರ ಪಾಲಿಗೆ ಇರುವುದು ಥರ್ಮಾಮೀಟರ್ ಮಾತ್ರ. ಆ ದಿನ ಹೊರಗೆ 33 ಡಿಗ್ರಿ ಇತ್ತು. ಇಂಥ ಯಂತ್ರಗಳನ್ನು ಸಾಮಾನ್ಯವಾಗಿ 40 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಸುತ್ತಲಿನ ಶಾಖಕ್ಕೆ ರೂಪಿಸಿರುತ್ತಾರೆ. ಅಂದಮೇಲೆ 33ರಲ್ಲಿ ನಿಂತಿತೆಂದರೆ ಬಿಸಿಲನ್ನು ದೂರುವಂತಿಲ್ಲ. ಬೇರೇನೋ ಇದೆ.

ನಾವು ಆಡಿಟ್‌ನಲ್ಲಿ ಮಾಡುವಂತೆ ಮೊದಲು ಅಂಕಿ ಬರೆದುಕೊಂಡೆವು. ಮಧ್ಯಾಹ್ನ ಮೂರಕ್ಕೆ ಕೋಣೆಯೊಳಗಿನ ಗಾಳಿ 51 ಡಿಗ್ರಿ, ಯಂತ್ರದ ಫಲಕದಲ್ಲಿ 108. ಅದು 110ಕ್ಕೆ ತಾನಾಗಿ ನಿಲ್ಲುತ್ತದೆ. ವ್ಯತ್ಯಾಸ 57. ಈ ವ್ಯತ್ಯಾಸವೇ ಮುಖ್ಯ. ಒಳಹೋಗುವ ಗಾಳಿ ಒಂದು ಡಿಗ್ರಿ ಏರಿದರೆ ಫಲಕದ ಅಂಕಿಯೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಹಾಗಾಗಿ ವ್ಯತ್ಯಾಸ ಹಾಗೇ ಇದ್ದು ಕೋಣೆ ಮಾತ್ರ ಕಾದಿದ್ದರೆ ರೋಗ ಕೋಣೆಯಲ್ಲಿದೆ. ಕೋಣೆ ತಣ್ಣಗಿದ್ದೂ ವ್ಯತ್ಯಾಸ ಬೆಳೆದಿದ್ದರೆ ರೋಗ ಯಂತ್ರದಲ್ಲಿದೆ. ಎರಡೂ ಇರಬಹುದು. ನಮ್ಮಲ್ಲಿ ಎರಡೂ ಇತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಅಂಕಿ. ಬಾಗಿಲು ತೆರೆಸಿದೆವು. ನಲವತ್ತು ನಿಮಿಷದಲ್ಲಿ ಕೋಣೆ 38, ಫಲಕ 94. ಹುಡುಗ ಹೇಳಿದ್ದು ನಿಜವಾಗಿತ್ತು. ಆಮೇಲೆ ವಿದ್ಯುತ್ ಕಡಿದು, ಒತ್ತಡ ಇಳಿಸಿ, ಯಂತ್ರ ತಣಿದ ಮೇಲೆ ಕೂಲರ್ ನೋಡಿದೆವು. ರೆಕ್ಕೆಗಳ ನಡುವೆ ಬ್ರೇಕ್ ದೂಳು ಎಣ್ಣೆಪಸೆಯ ಜೊತೆ ಸೇರಿ ಕಂಬಳಿಯಂತೆ ಕೂತಿತ್ತು. ಗಾಳಿ ಹೊಗುವ ದಿಕ್ಕಿಗೆ ವಿರುದ್ಧವಾಗಿ ಊದಿ ತೆಗೆದಾಗ ಅದೇ 38 ಡಿಗ್ರಿಯ ಕೋಣೆಯಲ್ಲಿ ಫಲಕ 88ಕ್ಕೆ ಇಳಿಯಿತು. ವ್ಯತ್ಯಾಸ 50. ಅಂದರೆ ಆರು ಡಿಗ್ರಿ ಬರೀ ದೂಳಿನದು.

ಇಷ್ಟಕ್ಕೂ ಇಳಿಯದಿದ್ದರೆ ಮುಂದೆ ನೋಡಬೇಕಾದ್ದು ಎಣ್ಣೆ. ಮಟ್ಟ ಕಡಿಮೆಯೇ, ತಯಾರಕರು ಹೇಳಿದ ಬಗೆಯೇ, ಕಪ್ಪಾಗಿದೆಯೇ? ಶಾಖ ಹತ್ತು ಡಿಗ್ರಿ ಏರಿದರೆ ಎಣ್ಣೆಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನ ರೂಢಿಯ ಲೆಕ್ಕ. ಆಮೇಲೆ ಎಣ್ಣೆಯ ಫಿಲ್ಟರ್. ಆಮೇಲೆ ಥರ್ಮೋಸ್ಟ್ಯಾಟ್ ವಾಲ್ವ್, ಅದು ಸಿಕ್ಕಿಹಾಕಿಕೊಂಡರೆ ಎಣ್ಣೆ ಕೂಲರಿಗೆ ಹೋಗುವುದೇ ಇಲ್ಲ. ಮನೆಯ ಗ್ಯಾರೇಜಿನಲ್ಲಿ ಸಣ್ಣ ಪಿಸ್ಟನ್ ಕಂಪ್ರೆಸರ್ ಇಟ್ಟುಕೊಂಡವರು ಇನ್ನೆರಡು ನೋಡಬೇಕು. ತೆಳುವಾದ ಉದ್ದ ಎಕ್ಸ್‌ಟೆನ್ಶನ್ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರ್ ಕಾಯುತ್ತದೆ. ಆ ಯಂತ್ರಗಳಲ್ಲಿ ಹಲವು ಬಿಡುವಿಲ್ಲದೆ ಓಡಲು ಮಾಡಿದವೂ ಅಲ್ಲ, ನಡುವೆ ಆರಲು ಬಿಡಬೇಕು.

ಇನ್ನು ಸೋರಿಕೆ. ಯಂತ್ರ ಹೆಚ್ಚು ಓಡಿದಷ್ಟೂ ಶಾಖ ಹೆಚ್ಚು. ಓಡಿಸುತ್ತಿದ್ದವನು ಹುಡುಗನೇ? ಅಂಗಡಿ ಮುಚ್ಚಿ, ಎಲ್ಲ ಉಪಕರಣ ಬಿಟ್ಟು, ಗಡಿಯಾರ ಹಿಡಿದು ಕೂತೆವು. ಯಾರೂ ಬಳಸದಿದ್ದರೂ ಯಂತ್ರ ಎರಡು ನಿಮಿಷ ಗಾಳಿ ತುಂಬಿ ನಾಲ್ಕು ನಿಮಿಷ ಬಿಡುವಾಗಿರುತ್ತಿತ್ತು. ತುಂಬುವ ಸಮಯವನ್ನು ಒಟ್ಟು ಸಮಯದಿಂದ ಭಾಗಿಸಿ: ಆರರಲ್ಲಿ ಎರಡು, ನೂರಕ್ಕೆ 33. ಯಂತ್ರದ ಮೂರನೆಯ ಒಂದು ಪಾಲು ಬರೀ ಸೋರಿಕೆಗೆ ದುಡಿಯುತ್ತಿತ್ತು. ಚೆನ್ನಾಗಿ ನೋಡಿಕೊಂಡ ವ್ಯವಸ್ಥೆಯಲ್ಲಿ ಇದು ಹತ್ತರ ಒಳಗಿರಬೇಕು. 100 ಪಿಎಸ್‌ಐನಲ್ಲಿ ಒಂದು ಇಂಚಿನ ಎಂಟನೆಯ ಒಂದು ಭಾಗದಷ್ಟು ತೂತು ನಿಮಿಷಕ್ಕೆ ಸುಮಾರು 26 ಘನ ಅಡಿ ಗಾಳಿ ನುಂಗುತ್ತದೆ. ಸೋಪಿನ ನೀರು ಹಚ್ಚಿ ಹುಡುಕಿದಾಗ ಸವೆದ ಎರಡು ಜೋಡಣೆ, ಒಂದು ಹಳೆಯ ಹೋಸ್ ಸಿಕ್ಕವು. ಒತ್ತಡವನ್ನು ಸುಮ್ಮನೆ 125ಕ್ಕೆ ಏರಿಸಿಟ್ಟಿದ್ದರು. ಇಂಪ್ಯಾಕ್ಟ್ ಗನ್‌ಗೆ ಬೇಕಾದ್ದು 90. ಕೊಳವೆಯ ನಷ್ಟಕ್ಕೆ ಇಷ್ಟು ಬಿಟ್ಟು 110ಕ್ಕೆ ಇಳಿಸಿದೆವು. ಪ್ರತಿ 2 ಪಿಎಸ್‌ಐ ಇಳಿಸಿದರೆ ವಿದ್ಯುತ್ ಸುಮಾರು ನೂರಕ್ಕೆ ಒಂದು ಉಳಿಯುತ್ತದೆ. ಒಂಟಾರಿಯೋದ ಸಮಯಾಧಾರಿತ ದರದಲ್ಲಿ ಬೇಸಿಗೆಯ ವಾರದ ದಿನಗಳಂದು ಬೆಳಿಗ್ಗೆ 11ರಿಂದ ಸಂಜೆ 5ರವರೆಗಿನ ವಿದ್ಯುತ್ತೇ ಅತ್ಯಂತ ದುಬಾರಿ. ಯಂತ್ರ ಹೆಚ್ಚು ಒದ್ದಾಡುವ ಹೊತ್ತೂ ಅದೇ.

ಕೋಣೆಯ ಮದ್ದು ಸರಳ, ಆದರೆ ಅಳತೆ ಬೇಕು. 7.5 ಕಿಲೋವ್ಯಾಟ್ ಶಾಖವನ್ನು ಎಂಟು ಡಿಗ್ರಿಗಿಂತ ಹೆಚ್ಚು ಏರಗೊಡದೆ ಹೊರಹಾಕಲು ನಿಮಿಷಕ್ಕೆ ಸುಮಾರು 1,600 ಘನ ಅಡಿ ಗಾಳಿ ಹರಿಯಬೇಕು. ನಾವು ಹಾಕಿದ್ದ ಫ್ಯಾನ್ ನೂರು ಘನ ಅಡಿಯದು. ಕೆಳಗೆ ಗಾಳಿ ಬರುವ ಜಾಲರಿ, ಮೇಲೆ ಬಿಸಿಗಾಳಿ ಹೊರಹೋಗುವ ಡಕ್ಟ್ ಮತ್ತು ತಕ್ಕ ಫ್ಯಾನ್, ನಡುವೆ ಒಂದು ಡ್ಯಾಂಪರ್ ಹಾಕಿಸಿದೆವು. ಬೇಸಿಗೆಯಲ್ಲಿ ಬಿಸಿಗಾಳಿ ಹೊರಗೆ, ಚಳಿಗಾಲದಲ್ಲಿ ಅದೇ ಗಾಳಿ ಅಂಗಡಿಯೊಳಗೆ. ಹೊರಹೋದ ಬಿಸಿಗಾಳಿ ಮತ್ತೆ ಜಾಲರಿಯಿಂದ ಒಳಬಾರದಂತೆ ಎರಡನ್ನೂ ದೂರ ಇಡಬೇಕು. ಚಳಿಗಾಲದಲ್ಲಿ ಕೋಣೆ ಹೆಪ್ಪುಗಟ್ಟುವಷ್ಟು ತಣ್ಣಗಾಗಲೂ ಬಿಡಬಾರದು, ಯಂತ್ರ ತೀರಾ ತಣ್ಣಗೆ ಓಡಿದರೆ ಎಣ್ಣೆಯಲ್ಲಿ ನೀರು ಸೇರುತ್ತದೆ. ಈಗ 35 ಡಿಗ್ರಿಯ ಮಧ್ಯಾಹ್ನವೂ ಫಲಕ 85ರ ಆಸುಪಾಸಿನಲ್ಲಿರುತ್ತದೆ. ಎಲ್ಲ ಸೇರಿ ಖರ್ಚಾದದ್ದು ಹೊಸ ಯಂತ್ರದ ಬೆಲೆಯ ಐದನೆಯ ಒಂದು ಪಾಲಿಗಿಂತ ಕಡಿಮೆ. ಕೊಟೇಶನ್ ಹರಿದು ಹಾಕಿದೆವು.

ಮಾಡಬಾರದ್ದು ಮೂರು. ಕಾದ ಯಂತ್ರಕ್ಕೆ ನೀರು ಎರಚಬೇಡಿ. ಒತ್ತಡ ಇರುವಾಗ ಎಣ್ಣೆಯ ಮುಚ್ಚಳ ಬಿಚ್ಚಬೇಡಿ. ಶಾಖದ ಸ್ವಿಚ್, ಸುರಕ್ಷಾ ವಾಲ್ವ್ ಇವನ್ನು ಯಾರು ಹೇಳಿದರೂ ಕಟ್ಟಿಹಾಕಬೇಡಿ. ಒಳಗಿರುವುದು ಕಾದ ಎಣ್ಣೆ ಮತ್ತು ಒತ್ತಿದ ಗಾಳಿ. ಬೆಂಕಿಗೆ ಇನ್ನೇನು ಬೇಕು? ಒಂಟಾರಿಯೋದ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯ 43ನೇ ಕಲಂ ಪ್ರಕಾರ, ಅಪಾಯವಿದೆ ಎಂದು ನಂಬಲು ಕಾರಣವಿದ್ದರೆ ಕೆಲಸಗಾರ ಆ ಕೆಲಸವನ್ನು ನಿರಾಕರಿಸಬಹುದು. ಅದಕ್ಕಾಗಿ ಅವನ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಇಲ್ಲಿ ಕೂತಿರುವ ತಮ್ಮಂದಿರು, ತಂಗಿಯರು ಇದನ್ನು ನೆನಪಿಡಿ. ತಾತ್ಕಾಲಿಕ ಪರ್ಮಿಟ್ಟಿನವರಿಗೂ ಇದು ಅನ್ವಯಿಸುತ್ತದೆ.

ಆ ಹುಡುಗ ಉಳಿದುಕೊಂಡ. ಮಾಲೀಕರು ಅವನ ಮುಂದೆಯೇ ತಪ್ಪಾಯಿತು ಎಂದರು, ನಾನೂ ಹೇಳಿದೆ. ನಾನು ಬಾಡಿಗೆಯ ಚದರಡಿ ಎಣಿಸಿದ್ದೆ, ಶಾಖ ಎಣಿಸಿರಲಿಲ್ಲ. ಯಂತ್ರದ ಪಕ್ಕ ದಿನಕ್ಕೆ ಹತ್ತು ಗಂಟೆ ನಿಲ್ಲುವವನನ್ನು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ನಿಮ್ಮಲ್ಲಿ ಅಂಗಡಿ ನಡೆಸುವವರಿಗೆ ನನ್ನ ಬಿನ್ನಹ ಇಷ್ಟೇ: ಈ ಬೇಸಿಗೆ ಯಂತ್ರ ನಿಂತರೆ ಯಾರನ್ನೂ ಬೈಯುವ ಮೊದಲು ಕೋಣೆಯೊಳಗೆ ಒಂದು ಥರ್ಮಾಮೀಟರ್ ಇಡಿ. ಕೆಲಸ ಮಾಡುವವರಿಗೆ: ನೀವು ಕಂಡದ್ದನ್ನು ದಿನಾಂಕ, ಸಮಯ, ಡಿಗ್ರಿ ಸಹಿತ ಒಂದು ಚೀಟಿಯಲ್ಲಿ ಬರೆದಿಡಿ. ಬಾಯಿಮಾತನ್ನು ತಳ್ಳಿಹಾಕುವವರೂ ಬರೆದ ಅಂಕಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು.

 ತೆರಿಗೆಯ ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಸಿಗುತ್ತೇನೆ.