ಬಾಚಣಿಗೆಯಲ್ಲಿ ಉಳಿದ ಕೂದಲು

ದಸರಾ ರಜೆ ಮುಗಿದು ಕಾಲೇಜು ಶುರುವಾದ ವಾರ. ಪ್ರಾಕ್ಟಿಕಲ್ ಮುಗಿಸಿ ಎಲ್ಲರೂ ಹೊರಟ ಮೇಲೂ ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ. ರೆಕಾರ್ಡಿಗೆ ಸಹಿ ಬೇಕೇನೋ ಅಂದುಕೊಂಡೆ. ಅವನು ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಕೂದಲು. "ಸರ್, ಇದೆಲ್ಲ ಇವತ್ತು ಬೆಳಿಗ್ಗೆ ಸ್ನಾನ ಮಾಡುವಾಗ ಬಂದದ್ದು. ಬುಡ ಸಮೇತ ಬಂದಿದೆ. ಇನ್ನು ಅಲ್ಲಿ ಹುಟ್ಟುವುದಿಲ್ಲ ಅಲ್ವಾ?" ಎಂದ. ಅವನ ತಂದೆಗೆ ಮೂವತ್ತರ ಹೊತ್ತಿಗೇ ತಲೆ ಬೋಳಾಗಿತ್ತಂತೆ. ನಗುತ್ತಾರೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸಿಇಟಿ ಪುಸ್ತಕಕ್ಕೆಂದು ಕೊಟ್ಟ ಹಣದಲ್ಲಿ ಎರಡು ಬಾಟಲಿ ಎಣ್ಣೆ ತರಿಸಿಕೊಂಡಿದ್ದ.

ಹೆಸರು ಹಾಕದಿದ್ದರೆ ಬರೆಯಬಹುದು ಎಂದು ಅವನೇ ಒಪ್ಪಿದ್ದರಿಂದ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಫೋನಿನ ಕ್ಯಾಮೆರಾದಲ್ಲಿ ನೆತ್ತಿಯ ಫೋಟೋ ತೆಗೆದು ನೋಡುವವರು ನಮ್ಮ ಕ್ಲಾಸುಗಳಲ್ಲಿ ಇನ್ನೂ ಕೆಲವರಿದ್ದಾರೆಂದು ನನಗೆ ಗೊತ್ತು. ಸ್ಟಾಫ್ ರೂಮಿನಲ್ಲೂ ಇದ್ದಾರೆ.

ಮೊದಲು ಆ ಬುಡದ ವಿಷಯ. ಒಂದು ಕೂದಲನ್ನು ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ಅವನಿಗೇ ತೋರಿಸಿದೆ. ತುದಿಯಲ್ಲಿ ಬೆಳ್ಳಗೆ, ಬೆಂಕಿಕಡ್ಡಿಯ ತಲೆಯಂತೆ ಒಂದು ಗಂಟು. ಎಲ್ಲರೂ ಬೇರು ಎಂದು ಹೆದರುವುದು ಇದಕ್ಕೇ. ಆದರೆ ಇದು ಬೇರಲ್ಲ. ಕೂದಲನ್ನು ಹುಟ್ಟಿಸುವ ಕೋಶಕ, ಅಂದರೆ ಫಾಲಿಕಲ್, ಚರ್ಮದೊಳಗೇ ಉಳಿದಿರುತ್ತದೆ. ಬೆಳ್ಳಗಿನ ಗಂಟು ಇದ್ದರೆ ಆ ಕೂದಲು ತನ್ನ ಅವಧಿ ಮುಗಿಸಿ ತಾನಾಗಿ ಕಳಚಿದೆ ಎಂದಷ್ಟೇ ಅರ್ಥ. ಗಂಟಿಲ್ಲದೆ ಬಂದರೆ ಅದು ನಡುವೆ ಮುರಿದ ಕೂದಲು.

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ. ಆಮೇಲೆ ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ಮನೆ ವಿಶ್ರಾಂತಿಯಲ್ಲಿದ್ದು, ಕೊನೆಗೆ ಉದುರುತ್ತದೆ. ಅದೇ ಕೋಶಕದಿಂದ ಹೊಸದು ಹುಟ್ಟುತ್ತದೆ. ಒಂದೊಂದು ಕೂದಲಿನ ಕಾಲವೂ ಬೇರೆ ಬೇರೆ ಆದ್ದರಿಂದ ಒಟ್ಟಿಗೆ ಎಲ್ಲವೂ ಉದುರುವುದಿಲ್ಲ. ದಿನಕ್ಕೆ 50ರಿಂದ 100ರವರೆಗೆ ಉದುರುವುದು ಆರೋಗ್ಯವಂತರಿಗೂ ಸಹಜ. ಎರಡು ದಿನ ಬಾಚದೆ ಮೂರನೇ ದಿನ ತಲೆಗೆ ಸ್ನಾನ ಮಾಡಿದರೆ ಮೂರು ದಿನದ್ದೂ ಒಂದೇ ಸಲ ಕೈಗೆ ಬರುತ್ತದೆ, ಅಷ್ಟೆ.

ಆದರೂ ಆ ಪೊಟ್ಟಣದಲ್ಲಿ ಇದ್ದದ್ದು ಜಾಸ್ತಿಯೇ. ಹಾಗಾಗಿ ಕೇಳಿದೆ: "ಎರಡು ಮೂರು ತಿಂಗಳ ಹಿಂದೆ ನಿನಗೆ ಏನಾಗಿತ್ತು?" ಅವನಿಗೆ ಪ್ರಶ್ನೆ ವಿಚಿತ್ರ ಅನ್ನಿಸಿತು. ಈಗ ಉದುರುತ್ತಿರುವಾಗ ಹಿಂದಿನದ್ದು ಯಾಕೆ? ಆಮೇಲೆ ನೆನಪಾಯಿತು. ಜುಲೈ ಕೊನೆಗೆ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ.

ಉತ್ತರ ಅಲ್ಲೇ ಇತ್ತು. ಜೋರು ಜ್ವರ, ಟೈಫಾಯ್ಡ್, ಡೆಂಗಿ, ಕೋವಿಡ್, ದೊಡ್ಡ ಆಪರೇಷನ್, ತೂಕ ಇಳಿಸಲು ಅನ್ನ ಬಿಟ್ಟು ಕೂತದ್ದು, ಮನೆಯಲ್ಲಿ ದೊಡ್ಡ ಆಘಾತ, ಇಂಥದ್ದೇನಾದರೂ ಆದಾಗ ಬೆಳೆಯುತ್ತಿದ್ದ ಎಷ್ಟೋ ಕೂದಲುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತವೆ. ವಿಶ್ರಾಂತಿ ಮೂರು ತಿಂಗಳಿನದು. ಹಾಗಾಗಿ ಕಾಯಿಲೆ ಮರೆತೇ ಹೋದ ಮೇಲೆ, ಎರಡು ಮೂರು ತಿಂಗಳು ಕಳೆದು, ಎಲ್ಲವೂ ಒಟ್ಟಿಗೆ ಉದುರುತ್ತವೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಂ ಎನ್ನುತ್ತಾರೆ. ಇದರ ಗುರುತು: ತಲೆಯ ಎಲ್ಲ ಕಡೆಯಿಂದಲೂ, ಬದಿ ಹಿಂಭಾಗ ಎನ್ನದೆ ಸಮನಾಗಿ ಉದುರುತ್ತದೆ, ಮತ್ತು ಇಂಥ ವಾರದಿಂದ ಶುರುವಾಯಿತು ಎಂದು ಹೇಳಬಹುದು. ಕಾರಣ ಹೋದ ಮೇಲೆ ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ಉದುರುವುದು ತಾನಾಗಿ ನಿಲ್ಲುತ್ತದೆ. ಕೋಶಕಗಳು ಸತ್ತಿಲ್ಲವಾದ್ದರಿಂದ ಕೂದಲು ಮತ್ತೆ ಬರುತ್ತದೆ. ಎಣ್ಣೆಯ ವ್ಯಾಪಾರ ನಡೆಯುವುದೂ ಹೆಚ್ಚಾಗಿ ಈ ಆರು ತಿಂಗಳಲ್ಲೇ. ತಾನಾಗಿ ನಿಲ್ಲಬೇಕಿದ್ದದ್ದು ನಿಂತಾಗ ಹೆಸರು ಎಣ್ಣೆಗೆ ಹೋಗುತ್ತದೆ.

ಜ್ವರ ಗಿರ ಏನೂ ಇಲ್ಲದೆ ಹೀಗೆ ತಿಂಗಳುಗಟ್ಟಲೆ ಉದುರುತ್ತಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಒಂದು ಎಚ್ಚರಿಕೆ: ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಸೇರಿದಂತೆ ಕೆಲವು ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಇನ್ನು ಅವನು ನಿಜವಾಗಿ ಹೆದರಿದ್ದ ವಿಷಯ, ತಂದೆಯ ತಲೆ. ಗಂಡಸರ ಬೋಳುತಲೆ ಬೇರೆಯೇ ಸಂಗತಿ. ಅಲ್ಲಿ ಬಾಚಣಿಗೆ ತುಂಬ ಕೂದಲು ಬರಬೇಕೆಂದೇ ಇಲ್ಲ. ಕೂದಲು ಉದುರುವುದಕ್ಕಿಂತ ಹೆಚ್ಚಾಗಿ ತೆಳ್ಳಗಾಗುತ್ತಾ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಕೋಶಕ ಸ್ವಲ್ಪ ಕುಗ್ಗುತ್ತದೆ, ಹುಟ್ಟುವ ಕೂದಲು ಇನ್ನೂ ಸಣ್ಣ, ಇನ್ನೂ ಗಿಡ್ಡ, ಕೊನೆಗೆ ಮಗುವಿನ ಮೈಮೇಲಿನ ರೋಮದಷ್ಟು. ಮೊದಲು ಹಣೆಯ ಎರಡೂ ಮೂಲೆಗಳಲ್ಲಿ ಎಂ ಅಕ್ಷರದಂತೆ ಹಿಂದೆ ಸರಿಯುತ್ತದೆ, ಅಥವಾ ನೆತ್ತಿಯ ಸುಳಿಯ ಹತ್ತಿರ ಚರ್ಮ ಕಾಣತೊಡಗುತ್ತದೆ. ಕಿವಿಯ ಮೇಲಿನದ್ದೂ ಹಿಂಭಾಗದ್ದೂ ಗಟ್ಟಿಯಾಗಿ ಉಳಿಯುತ್ತದೆ. ಇದು ಯಾವ ಕ್ರಮದಲ್ಲಿ ಮುಂದುವರಿಯುತ್ತದೆ ಎನ್ನುವುದನ್ನು ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಚಿತ್ರಗಳ ಮೂಲಕ ವಿಂಗಡಿಸಿದ, ನಾರ್ವುಡ್ 1975ರಲ್ಲಿ ತಿದ್ದಿದ. ಇಂದಿಗೂ ಚರ್ಮರೋಗ ತಜ್ಞರು ಇದೇ 7 ಹಂತಗಳ ಅಳತೆಗೋಲಿನಲ್ಲಿ ಅಳೆಯುತ್ತಾರೆ.

ಇಲ್ಲಿ ನಿಮ್ಮ ವಯಸ್ಸಿನವರು ಒಂದು ತಪ್ಪು ಮಾಡುತ್ತಾರೆ. ಚಿಕ್ಕ ಹುಡುಗರ ಹಣೆಯ ಕೂದಲಗೆರೆ ತುಂಬಾ ಕೆಳಗಿರುತ್ತದೆ. 17 ದಾಟಿದ ಮೇಲೆ ಅದು ಹೆಚ್ಚಿನ ಗಂಡಸರಲ್ಲಿ ಸುಮಾರು ಒಂದು ಬೆರಳಿನಷ್ಟು ಮೇಲೆ ಹೋಗಿ ನಿಲ್ಲುತ್ತದೆ. ಇದು ಬೋಳಲ್ಲ, ದನಿ ಒಡೆದಂತೆ ಇದೂ ಒಂದು ಬದಲಾವಣೆ. ಹುಬ್ಬು ಮೇಲಕ್ಕೆತ್ತಿ ಹಣೆ ಸುಕ್ಕುಗಟ್ಟಿಸಿ. ಎಲ್ಲಕ್ಕಿಂತ ಮೇಲಿನ ಸುಕ್ಕಿನ ಮೇಲೆ ಒಂದು ಬೆರಳು ಅಡ್ಡ ಇಡಿ. ಗೆರೆ ಅಷ್ಟರಲ್ಲೇ ಇದ್ದರೆ ಕನ್ನಡಿ ಬಿಟ್ಟು ಪುಸ್ತಕ ತೆಗೆಯಬಹುದು. ಎಂಟನೇ ಕ್ಲಾಸಿನ ಗ್ರೂಪ್ ಫೋಟೋ ಜೊತೆ ಹೋಲಿಸಿ ಹೆದರಬೇಡಿ, ಕಳೆದ ವರ್ಷದ ಫೋಟೋ ಜೊತೆ ಹೋಲಿಸಿ.

ಕಾರಣ ಏನು? ವೃಷಣ ತೆಗೆಸಿದ ಗಂಡಸರಿಗೆ ತಲೆ ಬೋಳಾಗುವುದಿಲ್ಲ ಎಂದು ಗ್ರೀಸಿನ ಹಿಪೊಕ್ರೆಟಿಸನ ಕಾಲದಲ್ಲೇ ಗಮನಿಸಿದ್ದರು. ಯಾಕೆ ಎಂದು 1942ರಲ್ಲಿ ತೋರಿಸಿದವನು ಇದೇ ಹ್ಯಾಮಿಲ್ಟನ್. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರ ತಲೆ ತುಂಬಾ ಕೂದಲಿತ್ತು. ಅವರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ ಕೆಲವರ ತಲೆ ಬೋಳಾಗತೊಡಗಿತು. ಆದರೆ ಕುಟುಂಬದಲ್ಲಿ ಬೋಳು ಇದ್ದವರಿಗೆ ಮಾತ್ರ. ಅಂದರೆ ಹಾರ್ಮೋನೂ ಬೇಕು, ವಂಶವೂ ಬೇಕು.

ಮುಂದಿನ ಸುಳಿವು ಸಿಕ್ಕಿದ್ದು ಕೆರಿಬಿಯನ್ನಿನ ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿ. ಅಲ್ಲಿ ಹುಟ್ಟುವಾಗ ಹೆಣ್ಣು ಎಂದೇ ಎಣಿಸಿದ ಕೆಲವು ಮಕ್ಕಳು ಹರೆಯದಲ್ಲಿ ಗಂಡಾಗಿ ಬೆಳೆಯುತ್ತಿದ್ದರು. ಅವರನ್ನು ಅಭ್ಯಾಸ ಮಾಡಿದ ಜೂಲಿಯಾನ್ ಇಂಪೆರಾಟೋ-ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಕಾರಣ ಪ್ರಕಟಿಸಿದರು. ಟೆಸ್ಟೋಸ್ಟೆರಾನನ್ನು ಡೈಹೈಡ್ರೋ ಟೆಸ್ಟೋಸ್ಟೆರಾನ್ ಆಗಿ ಬದಲಿಸುವ ಒಂದು ಕಿಣ್ವ, 5 ಆಲ್ಫಾ ರಿಡಕ್ಟೇಸ್, ಅವರಲ್ಲಿ ಸರಿಯಾಗಿ ಇರಲಿಲ್ಲ. ಹೀಗೆ ಬೆಳೆದ ಗಂಡಸರಿಗೆ ಗಡ್ಡ ವಿರಳ, ಪ್ರಾಸ್ಟೇಟ್ ಗ್ರಂಥಿ ಸಣ್ಣದು, ಹಣೆಯ ಕೂದಲು ಹಿಂದೆ ಸರಿಯುತ್ತಿರಲಿಲ್ಲ. ಕೋಶಕವನ್ನು ಕುಗ್ಗಿಸುವುದು ಈ ಬದಲಾದ ಹಾರ್ಮೋನು ಎಂದು ಹೀಗೆ ತಿಳಿಯಿತು. ತಮಾಷೆ ಎಂದರೆ ಇದೇ ಹಾರ್ಮೋನು ಗಡ್ಡವನ್ನು ದಟ್ಟವಾಗಿಸುತ್ತದೆ. ಗಡ್ಡ ಬೇಗ ಬರಲಿ, ತಲೆಕೂದಲು ಹೋಗದಿರಲಿ ಎಂದು ಒಟ್ಟಿಗೇ ಬಯಸುವವರು ಇದನ್ನು ಗಮನಿಸಬೇಕು.

ತಲೆ ಬೋಳಾದವರಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿರುತ್ತದೆ ಎನ್ನುವುದು ಮಾತ್ರ ಸುಳ್ಳು. ಸಾಮಾನ್ಯವಾಗಿ ಎಲ್ಲರಷ್ಟೇ ಇರುತ್ತದೆ, ಅವರ ಕೋಶಕಗಳು ಅದಕ್ಕೆ ಹೆಚ್ಚು ಸ್ಪಂದಿಸುತ್ತವೆ. ಜಿಮ್ಮಿನಲ್ಲಿ ಗುಟ್ಟಾಗಿ ಕೈಬದಲಾಗುವ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡರೆ ಮಾತ್ರ, ವಂಶದಲ್ಲಿ ಬೋಳು ಇದ್ದವರಿಗೆ, ಹತ್ತು ವರ್ಷದಲ್ಲಿ ಬರುವುದು ಬೇಗ ಬರುತ್ತದೆ. ಕೂದಲಿಗಿಂತ ಹೆಚ್ಚು ಹಾನಿ ಹೃದಯಕ್ಕೆ ಮತ್ತು ಲಿವರಿಗೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಬೋಳುತಲೆ ತಾಯಿಯ ಕಡೆಯಿಂದ ಬರುತ್ತದೆ, ಸೋದರಮಾವನ ತಲೆ ನೋಡು ಎನ್ನುವ ಮಾತಿದೆ. ಅರ್ಧ ನಿಜ. ಈ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಿಯ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಗಂಡುಮಕ್ಕಳಿಗೆ ಎಕ್ಸ್ ಸಿಗುವುದು ತಾಯಿಯಿಂದಲೇ. ಆದರೆ ಬ್ರಿಟನ್ನಿನ 52,000 ಗಂಡಸರ ಡಿಎನ್ಎ ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೋಳುತಲೆಗೆ ಸಂಬಂಧಿಸಿದ 200ಕ್ಕೂ ಹೆಚ್ಚು ಜಾಗಗಳು ಸಿಕ್ಕಿದವು, ಬಹುಪಾಲು ಎಕ್ಸ್ ಹೊರಗೆ. ತಂದೆಯ ಪಾಲೂ ಇದೆ, ಆದರೆ ತಂದೆಗೆ ಬಂದದ್ದು ಮಗನಿಗೆ ಬಂದೇ ಬರುತ್ತದೆ ಎಂದಿಲ್ಲ.

ಮೂರನೆಯ ಬಗೆಯನ್ನು ಯಾರೂ ತಡಮಾಡಬಾರದು. ತಲೆಯಲ್ಲೋ ಗಡ್ಡದಲ್ಲೋ ನಾಣ್ಯದಷ್ಟು ಜಾಗದಲ್ಲಿ ಏಕಾಏಕಿ ಕೂದಲು ಮಾಯ. ನಮ್ಮಲ್ಲಿ ಹುಳು ತಿಂದಿದೆ ಎನ್ನುತ್ತಾರೆ, ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟುಕೊಂಡು ಬರುವವರೂ ಇದ್ದಾರೆ. ಚರ್ಮ ನುಣ್ಣಗೆ ಇದ್ದು, ತುರಿಕೆ ಹೊಟ್ಟು ಇಲ್ಲದಿದ್ದರೆ ಅದು ಬಹುಮಟ್ಟಿಗೆ ಅಲೋಪೇಶಿಯಾ ಏರಿಯಾಟಾ. ಅಲ್ಲಿ ಯಾವ ಹುಳುವೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೋಶಕಗಳ ಮೇಲೆ ಬಿದ್ದಿರುತ್ತದೆ. ಇದು ಅಂಟುವುದಿಲ್ಲ. ಒಂದೆರಡು ಕಲೆಗಳಾದರೆ ಎಷ್ಟೋ ಸಲ ವರ್ಷದೊಳಗೆ ತಾನಾಗಿ ತುಂಬುತ್ತವೆ, ಆದರೆ ಹರಡುತ್ತಿದ್ದರೆ ಚಿಕಿತ್ಸೆ ಬೇಕು. ಅದೇ ಜಾಗದಲ್ಲಿ ಹೊಟ್ಟು, ತುರಿಕೆ, ಮುರಿದ ಕೂದಲ ಕಪ್ಪು ಚುಕ್ಕೆಗಳು ಇದ್ದರೆ ಅದು ಹುಳುಕಡ್ಡಿ, ಶಿಲೀಂಧ್ರದ ಸೋಂಕು. ಇದು ಅಂಟುತ್ತದೆ. ಬರೀ ಮುಲಾಮಿನಿಂದ ತಲೆಯ ಹುಳುಕಡ್ಡಿ ಹೋಗುವುದಿಲ್ಲ, ವಾರಗಟ್ಟಲೆ ಮಾತ್ರೆ ಬೇಕು. ಹಾಸ್ಟೆಲಿನಲ್ಲಿ ಒಂದೇ ಬಾಚಣಿಗೆಯನ್ನು ಆರು ಜನ ಬಳಸುವವರು ಇದನ್ನು ಎರಡು ಸಲ ಓದಿ. ಟ್ರಿಮ್ಮರ್ ಶುಚಿ ಮಾಡಿದ್ದೀರಾ ಎಂದು ಸಲೂನಿನಲ್ಲಿ ಕೇಳುವುದು ಅವಮಾನವಲ್ಲ.

ಟೋಪಿ ಹಾಕಿದರೆ ಕೂದಲು ಹೋಗುತ್ತದಾ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಇಲ್ಲ. ಹೆಲ್ಮೆಟ್ಟಿನಿಂದಲೂ ಇಲ್ಲ. ಕೋಶಕಕ್ಕೆ ಆಮ್ಲಜನಕ ಬರುವುದು ರಕ್ತದಿಂದ, ಹೊರಗಿನ ಗಾಳಿಯಿಂದಲ್ಲ. ಬೆವರಿನ ಟೋಪಿಯನ್ನು ಒಗೆಯದೆ ತಿಂಗಳು ಹಾಕಿದರೆ ಹೊಟ್ಟು ತುರಿಕೆ ಹೆಚ್ಚಬಹುದು, ಆದ್ದರಿಂದ ಒಗೆಯಿರಿ. ಕೂದಲನ್ನು ದಿನವೂ ಬಿಗಿಯಾಗಿ ಎಳೆದು ಕಟ್ಟಿದರೆ ಮಾತ್ರ ಹಣೆಯಂಚಿನಲ್ಲಿ ಶಾಶ್ವತವಾಗಿ ಹೋಗಬಹುದು. ತಲೆ ಬೋಳಿಸಿದರೆ ದಟ್ಟವಾಗಿ ಹುಟ್ಟುವುದೂ ಇಲ್ಲ. ಉಮ್ರಾ ಮುಗಿಸಿ ಬಂದವರ ತಲೆಯಲ್ಲೂ, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರ ತಲೆಯಲ್ಲೂ ಮೊದಲೆಷ್ಟು ಕೋಶಕವಿತ್ತೋ ಅಷ್ಟೇ ಇರುತ್ತದೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ ಕಾಣುತ್ತದೆ.

ಬೋಳಾಗುವುದಕ್ಕೆ ಔಷಧ ಇಲ್ಲವೇ? ಸಾಕ್ಷ್ಯ ಚೆನ್ನಾಗಿರುವುದು ಮುಖ್ಯವಾಗಿ ಎರಡಕ್ಕೆ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ನೋಡಿ ಹಚ್ಚುವ ದ್ರವ ಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಶುರುವಿನ ವಾರಗಳಲ್ಲಿ ಇನ್ನಷ್ಟು ಉದುರಬಹುದು, ಮತ್ತು ಬಿಟ್ಟರೆ ಬಂದದ್ದೆಲ್ಲ ಕೆಲವು ತಿಂಗಳಲ್ಲಿ ಹೋಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು, ದಿಂಬಿಗೆ ಅಂಟಿದ ಹನಿಯನ್ನು ನೆಕ್ಕಿದರೂ ಅದಕ್ಕೆ ಪ್ರಾಣಾಪಾಯ. ಎರಡನೆಯದು ಫಿನಾಸ್ಟರೈಡ್, ಆ ಕಿಣ್ವವನ್ನೇ ತಡೆಯುವ ಮಾತ್ರೆ, 1997ರಲ್ಲಿ ಒಪ್ಪಿಗೆ ಪಡೆದದ್ದು. ಇದು 18 ದಾಟದವರಿಗೆ ಅಲ್ಲವೇ ಅಲ್ಲ. ಕೆಲವರಲ್ಲಿ ಲೈಂಗಿಕ ತೊಂದರೆ, ಖಿನ್ನತೆ ಕಂಡುಬಂದಿದೆ, ಡಾಕ್ಟರ್ ಜೊತೆ ಕೂತು ಮಾತಾಡದೆ ಮುಟ್ಟಬಾರದು. ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಗುಣ ಬಿಡುವುದಿಲ್ಲ ಎಂದು 1959ರಲ್ಲಿ ನಾರ್ಮನ್ ಓರೆಂಟ್ರೈಕ್ ತೋರಿಸಿದ. ಕಸಿ ನಿಂತಿರುವುದು ಇದರ ಮೇಲೆಯೇ. ಆದರೆ ಇಪ್ಪತ್ತರಲ್ಲಿ ಕಸಿ ಮಾಡಿಸಿದರೆ ನೆಟ್ಟದ್ದು ಉಳಿದು ಸುತ್ತಲಿನದು ಹೋಗಿ ದ್ವೀಪದಂತೆ ಕಾಣುವ ಅಪಾಯವಿದೆ. ಏನನ್ನೂ ಮಾಡದೆ ಇರುವುದೂ ಒಂದು ಆಯ್ಕೆ, ನಾನು ಅದನ್ನೇ ಮಾಡಿದ್ದೇನೆ, ಕ್ಲಾಸಿನಲ್ಲಿ ನೀವು ದಿನವೂ ನೋಡುತ್ತಿದ್ದೀರಿ.

2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ'ಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ತಲೆಗೂದಲಿಲ್ಲದ ಮಂಗಳೂರಿನ ಕನ್ನಡ ಉಪನ್ಯಾಸಕ ಹೆಣ್ಣು ಹುಡುಕುವ ಕಥೆ. ನಗುತ್ತಲೇ ನೋಡಿದ್ದೆ. ಆದರೆ 'ಮೊಟ್ಟೆ' ಎಂದು ಹಿಂದಿನ ಬೆಂಚಿನಿಂದ ಕೂಗುವವನಿಗೆ, ಆ ಹುಡುಗ ಮೂರು ತಿಂಗಳು ಕ್ಲಾಸ್ ಫೋಟೋಗಳಿಂದ ತಪ್ಪಿಸಿಕೊಂಡದ್ದು ಗೊತ್ತಿರಲಿಕ್ಕಿಲ್ಲ.

ಅವನು ಚರ್ಮರೋಗ ತಜ್ಞರನ್ನೂ ಕಂಡು ಬಂದ. ಅವರು ಒಂದು ಹಿಡಿ ಕೂದಲನ್ನು, ಸುಮಾರು ಐವತ್ತು ಅರವತ್ತು, ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದರಂತೆ. ಆರಕ್ಕಿಂತ ಹೆಚ್ಚು ಬಂದವು, ತಲೆಯ ಎಲ್ಲ ಕಡೆಯೂ. ಹಣೆಯ ಮೂಲೆಗಳು ಸರಿಯಾಗಿಯೇ ಇದ್ದವು. ಡೆಂಗಿಯದ್ದೇ ಎಂದರು. ಕಬ್ಬಿಣಾಂಶ ಕಡಿಮೆ ಇದ್ದದ್ದಕ್ಕೆ ಮಾತ್ರೆ ಬರೆದರು. ಫೆಬ್ರವರಿಯಲ್ಲಿ ರೆಕಾರ್ಡ್ ಸಹಿಗೆ ಬಂದಾಗ ಅವನ ಹಣೆಯಂಚಿನಲ್ಲಿ ಸಣ್ಣ ಸಣ್ಣ ಕೂದಲು ನೆಟ್ಟಗೆ ನಿಂತಿದ್ದವು. ತಂದೆಯ ಹಾಗೆ ಮುಂದೆ ಆಗಬಹುದಾ ಎಂದು ಮತ್ತೆ ಕೇಳಿದ. ಆಗಲೂಬಹುದು, ವರ್ಷಕ್ಕೊಮ್ಮೆ ಹುಟ್ಟಿದ ದಿನ ಹಣೆ ಮತ್ತು ನೆತ್ತಿಯ ಒಂದು ಫೋಟೋ ತೆಗೆದಿಡು, ದಿನಕ್ಕೆ ಹತ್ತು ಬೇಡ ಎಂದೆ. ಎಣ್ಣೆಯ ಎರಡನೇ ಬಾಟಲಿ ಸೀಲ್ ಒಡೆಯದೆ ಹಾಗೇ ಇದೆಯಂತೆ.