ಹಳೆಯ ನೆಗೆಟಿವ್‌ಗೆ ಬಣ್ಣ ತರುವುದು ಹೇಗೆ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಅಮ್ಮಿಯ ತವರು ಮುದ್ದೇಬಿಹಾಳ. ಕಳೆದ ಮಳೆಗಾಲದಲ್ಲಿ ಅಲ್ಲಿನ ಮನೆ ಸೋರಿ, ಟ್ರಂಕಿನಲ್ಲಿದ್ದ ಮದುವೆ ಆಲ್ಬಂ ಪೂರ್ತಿ ನೆನೆದುಹೋಯಿತು. ಫೋಟೊಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು. ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಅವರು ನಗುತ್ತಿರುವ ಒಂದೇ ಒಂದು ಫೋಟೊ ಆ ಆಲ್ಬಂನಲ್ಲಿತ್ತು. ಅಮ್ಮಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ದಿನ ನಾನಿ ಕಪಾಟಿನಿಂದ ಒಂದು ಹಳೆಯ ಮಿಠಾಯಿ ಡಬ್ಬಿ ತಂದರು. ಒಳಗೆ ಕಿತ್ತಳೆ ಬಣ್ಣದ ಪಟ್ಟಿಗಳಿದ್ದವು. 2004ರ ಆ ಮದುವೆಯ ನೆಗೆಟಿವ್‌ಗಳು! ಅವನ್ನು ಹಿಡಿದು ಸಿಂದಗಿಯ ಒಂದು ಸ್ಟುಡಿಯೊಗೆ ಹೋದೆ. ಫಿಲ್ಮ್‌ನಿಂದ ಪ್ರಿಂಟ್ ಹಾಕುವ ಕೆಲಸ ನಿಲ್ಲಿಸಿ ಎಷ್ಟೋ ವರ್ಷವಾಯಿತು ಎಂದರು. ಇಂಡಿ, ಬಸವನ ಬಾಗೇವಾಡಿಯಲ್ಲಿ ವಿಚಾರಿಸಿದಾಗಲೂ ಅದೇ ಉತ್ತರ. ಕೊನೆಗೆ ನಾನೇ ಕಲಿತೆ. ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನೆಗೆಟಿವ್ ಏಕೆ ಕಿತ್ತಳೆ?

ಬಣ್ಣದ ಫಿಲ್ಮ್‌ನಲ್ಲಿ ನೀಲಿ, ಹಸಿರು, ಕೆಂಪು ಬೆಳಕನ್ನು ಹಿಡಿಯುವ ಮೂರು ಬಗೆಯ ಪದರಗಳಿರುತ್ತವೆ. ಫಿಲ್ಮ್ ತೊಳೆದಾಗ ಎಲ್ಲವೂ ತಿರುಗುಮುರುಗಾಗುತ್ತದೆ. ನೀಲಿ ಬೆಳಕು ಬಿದ್ದಲ್ಲಿ ಹಳದಿ, ಹಸಿರು ಬಿದ್ದಲ್ಲಿ ಮಜೆಂಟಾ (ಗುಲಾಬಿ ಮಿಶ್ರಿತ ನೇರಳೆ), ಕೆಂಪು ಬಿದ್ದಲ್ಲಿ ಸಯಾನ್ (ತಿಳಿ ಹಸಿರುನೀಲಿ) ಬಣ್ಣ ಮೂಡುತ್ತದೆ. ಆದರೆ ಈ ಬಣ್ಣಗಳು ಪೂರ್ತಿ ಶುದ್ಧವಲ್ಲ. ಆ ದೋಷ ಸರಿದೂಗಿಸಲೆಂದೇ ತಯಾರಕರು ಫಿಲ್ಮ್‌ಗೆ ಕಿತ್ತಳೆ ಛಾಯೆ ಸೇರಿಸಿರುತ್ತಾರೆ. ಕೊಡ್ಯಾಕ್ ಕಂಪನಿ 1972ರಲ್ಲಿ ತಂದ ಸಿ-41 ವಿಧಾನದ ಫಿಲ್ಮ್‌ಗಳೆಲ್ಲ ಸಾಮಾನ್ಯವಾಗಿ ಹೀಗೇ ಕಾಣುತ್ತವೆ.

ಕಪ್ಪು-ಬಿಳುಪು ನೆಗೆಟಿವ್‌ಗೆ ಈ ಛಾಯೆ ಇಲ್ಲ. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಊಟಿಯಲ್ಲಿ ತಯಾರಿಸುತ್ತಿದ್ದ ‘ಇಂದು’ ಕಪ್ಪು-ಬಿಳುಪು ಫಿಲ್ಮ್ ನಿಮ್ಮ ಮನೆಯಲ್ಲಿ ಸಿಕ್ಕರೆ ಕೆಲಸ ಸುಲಭ. ಸ್ಲೈಡ್ ಆಗಿದ್ದರೆ ಬಣ್ಣ ತಿರುಗಿಸುವ ಅಗತ್ಯವೂ ಇಲ್ಲ. ಅದರಲ್ಲಿ ಚಿತ್ರ ನೇರವಾಗಿಯೇ ಇರುತ್ತದೆ.

ಕ್ಯಾಮೆರಾದಿಂದ ಸ್ಕ್ಯಾನ್

ನಮ್ಮ ಮಾಮು ಮದುವೆ ಫೋಟೊ ತೆಗೆಯುವವರು. ಅವರ 24 ಮೆಗಾಪಿಕ್ಸೆಲ್ ಕ್ಯಾಮೆರಾ, ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್, ಸ್ಟ್ಯಾಂಡ್ ಎಲ್ಲವನ್ನೂ ಒಂದು ದಿನಕ್ಕೆ ಕೊಟ್ಟರು. ನಾನು ಮಾಡಿದ್ದು ಇಷ್ಟು:

1. ಟ್ಯಾಬ್ಲೆಟ್ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮೇಲೆ ಸ್ವಲ್ಪ ಅಂತರ ಬಿಟ್ಟು ಹಾಲುಬಿಳುಪಿನ ಅಕ್ರಿಲಿಕ್ ಹಾಳೆ ಇಟ್ಟೆ. ಅಂತರ ಇಲ್ಲದಿದ್ದರೆ ಪರದೆಯ ಚುಕ್ಕಿಗಳು ಫೋಟೊದಲ್ಲಿ ಕಾಣುತ್ತವೆ.
2. ನೆಗೆಟಿವ್‌ನ ಅಂಚು ಮಾತ್ರ ಹಿಡಿದೆ. ಧೂಳನ್ನು ರಬ್ಬರ್ ಬಲ್ಬ್‌ನ ಗಾಳಿಯಿಂದ ತೆಗೆದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ.
3. ಕೋಣೆ ಕತ್ತಲೆ ಮಾಡಿ, ಐಎಸ್‌ಒ 100, ಎಫ್/8 ಇಟ್ಟು, ಕ್ಯಾಮೆರಾ ಅಲುಗಾಡದಂತೆ ಟೈಮರ್ ಬಳಸಿದೆ. ಜೆಪೆಗ್ ಬದಲು ‘ರಾ’ ಫೈಲ್ ತೆಗೆದೆ. ಅದರಲ್ಲಿ ಬಣ್ಣದ ಮಾಹಿತಿ ಹೆಚ್ಚು ಉಳಿಯುತ್ತದೆ.
4. ಇಡೀ ರೋಲ್‌ಗೆ ಒಂದೇ ಸೆಟ್ಟಿಂಗ್. ಚಿತ್ರದ ಜೊತೆಗೆ ಸುತ್ತಲಿನ ಖಾಲಿ ಅಂಚೂ ಸ್ವಲ್ಪ ಬರುವಂತೆ ನೋಡಿಕೊಂಡೆ. ಅದು ಏಕೆಂದು ಮುಂದೆ ಹೇಳುತ್ತೇನೆ.

ಚೀಲದ ತೂಕ ಕಳೆಯಿರಿ

ಮೊದಲು ಮೊಬೈಲ್‌ನಲ್ಲಿ ಬಣ್ಣ ತಿರುಗಿಸಿ ನೋಡಿದ್ದೆ. ಎಲ್ಲರೂ ನೀಲಿ ನೀರಿನಲ್ಲಿ ಮುಳುಗಿದಂತೆ ಕಂಡರು. ಕಾರಣ ಸರಳ: ಕಿತ್ತಳೆ ತಿರುಗಿದರೆ ನೀಲಿ.

ಇಂಡಿಯಲ್ಲಿ ನಿಂಬೆಹಣ್ಣು ತೂಗುವಾಗ ಚೀಲದ ತೂಕ ಕಳೆದು ಲೆಕ್ಕ ಮಾಡುವುದಿಲ್ಲವೇ? ಇಲ್ಲೂ ಹಾಗೆಯೇ. ಕಿತ್ತಳೆ ಛಾಯೆಯೇ ಚೀಲ. ಅದು ಎಷ್ಟಿದೆ ಎಂದು ಹೇಳುವುದು ಬೆಳಕೇ ಬೀಳದ ಆ ಖಾಲಿ ಅಂಚು. ನಾನು ಬಳಸಿದ್ದು ‘ಡಾರ್ಕ್‌ಟೇಬಲ್’ ಎಂಬ ಉಚಿತ ತಂತ್ರಾಂಶ. ಅದರಲ್ಲಿ ‘ನೆಗಾಡಾಕ್ಟರ್’ ಎಂಬ ಭಾಗವಿದೆ. ಅಂಚಿನ ಮೇಲೆ ಒತ್ತಿ ಬಣ್ಣ ಆರಿಸಿಕೊಟ್ಟರೆ ಅದು ಆ ಛಾಯೆಯನ್ನು ಲೆಕ್ಕದಿಂದ ತೆಗೆದು ಚಿತ್ರವನ್ನು ತಿರುಗಿಸುತ್ತದೆ. ಆಮೇಲೆ ಕಪ್ಪು ಭಾಗದ ಬಣ್ಣ, ಬಿಳಿ ಭಾಗದ ಬಣ್ಣ, ಕಾಂತಿ ಇವನ್ನು ಒಂದೊಂದಾಗಿ ಸರಿಪಡಿಸಬಹುದು. ‘ನೆಗೆಟಿವ್ ಲ್ಯಾಬ್ ಪ್ರೊ’ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಹಣ ಕೊಡಬೇಕು, ಲೈಟ್‌ರೂಮ್ ತಂತ್ರಾಂಶವೂ ಬೇಕು.

ನಾನಿ ಹಿಡಿದ ತಪ್ಪು

ನಾನಾ ನಗುತ್ತಿದ್ದ ಫೋಟೊ ಪರದೆಯ ಮೇಲೆ ಬಂದಾಗ ನನಗೆ ಮಾತೇ ಹೊರಡಲಿಲ್ಲ. ಬಣ್ಣ ಸರಿಪಡಿಸಲು ಇಡೀ ಚಿತ್ರವನ್ನು ಆರಿಸಿ, ಆಟೊ ಗುಂಡಿ ಒತ್ತಿ, ಓಡಿಹೋಗಿ ನಾನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ, “ಏ ರಂಗ್ ನೈ ಬಾಬಾ” ಅಂದರು. ಇದು ಆ ಬಣ್ಣ ಅಲ್ಲ. ಅಂದು ಹಾಕಿದ್ದು ಹಚ್ಚ ಹಸಿರು ಶಾಮಿಯಾನ. ನನ್ನ ಚಿತ್ರದಲ್ಲಿ ಅದು ಮಾಸಿದ ಬೂದಿ ಬಣ್ಣ, ನಾನಾ ಮುಖ ಗುಲಾಬಿ.

ತಪ್ಪು ಎಲ್ಲಿತ್ತು? ಚಿತ್ರದ ಬಣ್ಣಗಳ ಸರಾಸರಿ ಬೂದು ಬಣ್ಣವೇ ಆಗಿರಬೇಕು ಎಂಬ ಊಹೆಯ ಮೇಲೆ ಆ ಆಟೊ ನಡೆಯುತ್ತದೆ. ಮುಕ್ಕಾಲು ಭಾಗ ಹಸಿರು ಬಟ್ಟೆಯೇ ಇದ್ದರೆ ಅದು ಹಸಿರನ್ನೇ ದೋಷವೆಂದು ತಿಳಿದು ತೆಗೆದುಹಾಕುತ್ತದೆ. ಸರಾಸರಿ ಯಾವಾಗಲೂ ನಿಜ ಹೇಳುವುದಿಲ್ಲ ಎಂದು ಸಂಖ್ಯಾಶಾಸ್ತ್ರದ ಪಾಠದಲ್ಲಿ ಓದಿದ್ದೆ, ಇಲ್ಲಿ ಕಣ್ಣಾರೆ ಕಂಡೆ.

ಅದೇ ರೋಲ್‌ನಲ್ಲಿ, ಅದೇ ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ತೆಗೆದ ಇನ್ನೊಂದು ಫೋಟೊ ಇತ್ತು. ಅದರಲ್ಲಿದ್ದ ಒಬ್ಬರ ಬಿಳಿ ಟೋಪಿಯಿಂದ ಬಿಳುಪನ್ನು ಸರಿಹೊಂದಿಸಿ, ಆ ಸೆಟ್ಟಿಂಗನ್ನೇ ನಾನಾ ಫೋಟೊಗೂ ಹಾಕಿದೆ. ಶಾಮಿಯಾನ ಹಸಿರಾಯಿತು. ಆದರೆ ನಾನಾ ಮುಖವೂ ಸ್ವಲ್ಪ ಹಸಿರು! ಅದನ್ನೂ ತೆಗೆಯಲು ಹೊರಟೆ. ನಾನಿ ನನ್ನ ಕೈ ಹಿಡಿದರು. ಅಂದು ಆ ಬಟ್ಟೆಯ ಕೆಳಗೆ ಎಲ್ಲರ ಮುಖವೂ ಹಸಿರಾಗಿತ್ತಂತೆ. ಅದನ್ನು ನೋಡಿಯೇ ನಾನಾ ನಕ್ಕಿದ್ದಂತೆ.

ಆ ನಗುವಿನ ಕಾರಣ ಅಮ್ಮಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಹಸಿರನ್ನು ಹಾಗೆಯೇ ಬಿಟ್ಟೆ. ಈಗ ಆ ಫೋಟೊ ಚೌಕಟ್ಟು ಹಾಕಿಸಿಕೊಂಡು ಮುದ್ದೇಬಿಹಾಳದ ಮನೆಯ ಗೋಡೆಯ ಮೇಲಿದೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು. ಕಸವೆಂದು ಎಸೆಯಬೇಡಿ. ಒಣ ಜಾಗದಲ್ಲಿ, ಬಿಸಿಲು ಬೀಳದಂತೆ ಇಡಿ. ಸ್ಕ್ಯಾನ್ ಮಾಡಿದ ಮೇಲೂ ಮೂಲ ನೆಗೆಟಿವ್ ಮತ್ತು ‘ರಾ’ ಫೈಲ್ ಅಳಿಸಬೇಡಿ. ಬಣ್ಣ ಸರಿಪಡಿಸುವಾಗ ಆ ದಿನವನ್ನು ಕಂಡವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನಿಯ ಕಣ್ಣಿಗೆ ಪೊರೆ ಬರುತ್ತಿದೆ. ಡಬ್ಬಿಯಲ್ಲಿ ಇನ್ನೂ ಮೂರು ರೋಲ್ ಉಳಿದಿವೆ. ಪರೀಕ್ಷೆ ಮುಗಿದ ಮರುದಿನವೇ ನಾನು ಮುದ್ದೇಬಿಹಾಳದ ಬಸ್ ಹತ್ತುವವನಿದ್ದೇನೆ.